ಜ್ಯೂರಿ ಮುಗಿದ ಮೇಲಿನ ಅರ್ಧ ಗಂಟೆ

ಕಳೆದ ನವೆಂಬರಿನ ಒಂದು ಸೋಮವಾರ, ಹುಬ್ಬಳ್ಳಿಯ ನಮ್ಮ ಡಿಸೈನ್ ಸ್ಟುಡಿಯೋದಲ್ಲಿ ಮೂರನೇ ಸೆಮಿಸ್ಟರಿನ ಜ್ಯೂರಿ, ಅಂದರೆ ವಿದ್ಯಾರ್ಥಿಗಳು ತಮ್ಮ ವಿನ್ಯಾಸವನ್ನು ಮೇಷ್ಟ್ರ ಮುಂದಿಟ್ಟು ವಿಮರ್ಶೆ ಕೇಳುವ ಪರೀಕ್ಷೆ, ನಡೆದಿತ್ತು. ಶಿಗ್ಗಾವಿಯಿಂದ ದಿನಾ ಬಸ್ಸಿಗೆ ಬರುವ ಹುಡುಗಿಯೊಬ್ಬಳು ಹಳ್ಳಿಯ ಬಸ್ ತಂಗುದಾಣದ ಮಾಡೆಲ್ ಮುಂದಿಟ್ಟುಕೊಂಡು ನಿಂತಿದ್ದಳು. ಹಿಂದಿನ ರಾತ್ರಿ ಕಣ್ಣು ಮುಚ್ಚಿರಲಿಲ್ಲ. ಬಸ್ಸಿನ ನೂಕಾಟದಲ್ಲಿ ಸನ್‌ಬೋರ್ಡಿನ (ಹಗುರ ಫೋಮ್ ಹಲಗೆಯ) ಮಾಡು ಒಂದು ಮೂಲೆಗೆ ಕಿತ್ತುಬಂದಿತ್ತು. ಅವಸರದಲ್ಲಿ ಫೆವಿಕ್ವಿಕ್ ಹಚ್ಚಿದ ಕಡೆ ಬಿಳಿ ಕಲೆ ಎದ್ದಿತ್ತು. ಎದುರಿಗೆ ಕುಳಿತ ಮೂವರಲ್ಲಿ ನಾನೂ ಒಬ್ಬ. ಮುದುಕರು ಇಲ್ಲಿ ಹೆಂಗ ಹತ್ತಬೇಕು, ಮಳಿ ಯಾವ ಕಡೆಯಿಂದ ಹೊಡೀತದ ನೋಡೀಯೇನು, ಎಂದೆಲ್ಲ ಕೇಳಿದೆವು. ಎಲ್ಲಕ್ಕೂ ಅವಳು "ಹೂಂ ರೀ ಸರ್" ಅಂದಳು.

ಅರ್ಧ ಗಂಟೆಯ ನಂತರ ಕ್ಯಾಂಟೀನಿನಲ್ಲಿ ಸಿಕ್ಕಳು. "ಏನೇನ್ ಬದಲಿ ಮಾಡ್ತಿ ತಂಗಿ?" ಎಂದೆ. ಕಣ್ಣು ತುಂಬಿ ಬಂದವು.

"ಏನ್ ಹೇಳಿದ್ರಿ ಒಂದೂ ನೆನಪಿಲ್ರಿ ಸರ್. ನಿಂಗ ಬರೂದಿಲ್ಲ ಬಿಡು ಅಂದ್ರಿ, ಅಷ್ಟ ನೆನಪೈತಿ."

ಆ ಮಾತನ್ನು ನಮ್ಮಲ್ಲಿ ಯಾರೂ ಆಡಿರಲಿಲ್ಲ.

ಅವತ್ತಿನಿಂದ ನನಗೆ ಈ ವಿಷಯ ಬಿಡದೆ ಕಾಡಿದೆ. ಅವಳ ದೇಹದೊಳಗೆ ಆ ಹೊತ್ತಿಗೆ ಏನು ನಡೆದಿತ್ತು ಎಂದು ಓದುತ್ತ ಹೋದಾಗ, 1993ರಲ್ಲಿ ಜರ್ಮನಿಯ ಟ್ರಿಯರ್ ವಿಶ್ವವಿದ್ಯಾಲಯದ ಸಂಶೋಧಕರು ಪ್ರಕಟಿಸಿದ ಒಂದು ಪರೀಕ್ಷೆ ಎದುರಾಯಿತು. ಪ್ರಯೋಗಾಲಯದಲ್ಲಿ ಮನುಷ್ಯನಿಗೆ ಒತ್ತಡ ಹುಟ್ಟಿಸಲು ಇಂದಿಗೂ ಹೆಚ್ಚಾಗಿ ಅದನ್ನೇ ಬಳಸುತ್ತಾರೆ. ಮುಖದಲ್ಲಿ ಭಾವವೇ ತೋರದ ಕೆಲವರ ಎದುರು ನಿಂತು ಐದು ನಿಮಿಷ ತನ್ನ ಬಗ್ಗೆ ಮಾತಾಡಬೇಕು. ಆಮೇಲೆ 1022ರಿಂದ 13 ಕಳೆಯುತ್ತ ಬಾಯಿಲೆಕ್ಕ ಹೇಳಬೇಕು. ತಪ್ಪಿದರೆ ಮತ್ತೆ ಮೊದಲಿಂದ. ಆಗ ಎಂಜಲು ತೆಗೆದು ನೋಡಿದರೆ ಕಾರ್ಟಿಸಾಲ್ ಎಂಬ ಹಾರ್ಮೋನ್ ಏರಿರುತ್ತದೆ. ಓದಿದಾಗ ಎದೆ ಧಸಕ್ಕೆಂದಿತು. ಇದು ನಮ್ಮ ಜ್ಯೂರಿಯೇ!

ಇಂಥ 208 ಪ್ರಯೋಗಗಳನ್ನು ಒಟ್ಟಿಗಿಟ್ಟು ನೋಡಿದ 2004ರ ಒಂದು ವಿಶ್ಲೇಷಣೆ ಇದೆ. ಕಾರ್ಟಿಸಾಲ್ ಅತಿ ಹೆಚ್ಚು ಏರುವುದೂ ಇಳಿಯಲು ಅತಿ ಹೆಚ್ಚು ಹೊತ್ತು ಹಿಡಿಯುವುದೂ ಎರಡು ಸಂಗತಿ ಕೂಡಿದಾಗ: ನಾಲ್ಕು ಜನ ನಮ್ಮನ್ನು ತೂಗಿ ನೋಡುತ್ತಿರಬೇಕು, ಮತ್ತು ಏನು ಮಾಡಿದರೂ ಫಲಿತಾಂಶ ನಮ್ಮ ಕೈಯಲ್ಲಿಲ್ಲ ಅನ್ನಿಸಬೇಕು. ಒತ್ತಡ ಮಿತಿಮೀರಿದಾಗ ಮೊದಲು ಮಂಕಾಗುವುದು ಹಣೆಯ ಹಿಂದಿರುವ ಮಿದುಳಿನ ಮುಂಭಾಗ. ಕೇಳಿದ್ದನ್ನು ಹಿಡಿದಿಟ್ಟು, ಇದು ಮಾಡಿನ ಮಾತು, ಇದು ನನ್ನ ಮಾತಲ್ಲ ಎಂದು ಬೇರ್ಪಡಿಸುವ ಕೆಲಸ ಅದರದ್ದು. ಅದು ಮಂಕಾದ ಹೊತ್ತಿನಲ್ಲಿ ನಾವು ಹೇಳಿದ ಒಳ್ಳೆಯ ಸಲಹೆಗಳೆಲ್ಲ ಕವುಚಿಟ್ಟ ಕೊಡದ ಮೇಲೆ ನೀರು ಸುರಿದಂತೆ.

ನನಗೆ ದಾರಿ ತೋರಿಸಿದ್ದು ಮಾತ್ರ 2013ರ ಇನ್ನೊಂದು ಪ್ರಯೋಗ. ಜರ್ಮನಿಯವರೇ ಆ ಪರೀಕ್ಷೆಯ ಇನ್ನೊಂದು ರೂಪ ಮಾಡಿದರು. ಇಲ್ಲೂ ಅಪರಿಚಿತರ ಎದುರು ನಿಂತು ತನ್ನ ಬಗ್ಗೆ ಮಾತಾಡಬೇಕು. ಆದರೆ ಎದುರಿಗಿದ್ದವರು ನಗುಮುಖದಿಂದ ಕೇಳಿದರು, ತಲೆಯಾಡಿಸಿದರು. ಕಾರ್ಟಿಸಾಲ್ ಏರಲಿಲ್ಲ. ಮೇಷ್ಟ್ರಾದ ನನಗೆ ಇದಕ್ಕಿಂತ ದೊಡ್ಡ ಸುದ್ದಿ ಬೇಕಾಗಿರಲಿಲ್ಲ.

ನಮ್ಮ ಕಡೆ ಅತ್ತವರಿಗೆ ತಕ್ಷಣ ಹೇಳುವ ಮಾತು, "ಮನಸಿಗೆ ಹಚ್ಕೋಬ್ಯಾಡ." ಪ್ರೀತಿಯಿಂದಲೇ ಹೇಳುತ್ತೇವೆ. ಆದರೆ ಕೇಳಿದವರು ಅದನ್ನು ಪಾಲಿಸುವುದು ಮುಖವನ್ನು ಬಿಗಿಹಿಡಿದು. ಅಮೆರಿಕದ ಮನೋವಿಜ್ಞಾನಿ ಜೇಮ್ಸ್ ಗ್ರಾಸ್ 1990ರ ದಶಕದಿಂದ ಮಾಡಿದ ಪ್ರಯೋಗಗಳಲ್ಲಿ, ಮನಸ್ಸಿನ ಭಾವ ತೋರಗೊಡದೆ ಅದುಮಿಟ್ಟವರಿಗೆ ಒಳಗಿನ ಕಸಿವಿಸಿ ಕಡಿಮೆಯಾಗಲಿಲ್ಲ. ದೇಹದ ಒತ್ತಡ ಹೆಚ್ಚಿತು, ಆ ಹೊತ್ತಿನಲ್ಲಿ ಕೇಳಿದ್ದರ ನೆನಪೂ ಕುಂದಿತು. "ಹೂಂ ರೀ ಸರ್" ಎನ್ನುತ್ತಿದ್ದ ಆ ಮುಖ ನನಗೆ ಮತ್ತೆ ಕಣ್ಣಮುಂದೆ ಬಂತು.

ಭಾವಕ್ಕೆ ಹೆಸರಿಟ್ಟರೆ ಹಗುರಾಗುತ್ತದೆ. 2007ರಲ್ಲಿ ಅಮೆರಿಕದ ಮನೋವಿಜ್ಞಾನಿ ಮ್ಯಾಥ್ಯೂ ಲೀಬರ್‌ಮನ್ ತಂಡ ಮಿದುಳಿನ ಸ್ಕ್ಯಾನರಿನಲ್ಲಿ ಮಲಗಿದವರಿಗೆ ಸಿಟ್ಟಿನ, ಭಯದ ಮುಖಗಳ ಚಿತ್ರ ತೋರಿಸಿತು. ಆ ಭಾವಕ್ಕೆ ಒಂದು ಪದ ಆರಿಸಿ ಹೇಳಿದಾಗ, ಅಪಾಯಕ್ಕೆ ಗಂಟೆ ಬಾರಿಸುವ ಮಿದುಳಿನ ಭಾಗವಾದ ಅಮಿಗ್ಡಾಲದ ಚಟುವಟಿಕೆ ತಗ್ಗಿತು. ನಮ್ಮ ಹುಡುಗರ ಬಳಿ ಇರುವುದು ಒಂದೇ ಪದ: "ಟೆನ್ಷನ್ ಆಗೈತ್ರಿ." ಹೆದರಿಕೆಗೂ ಅದೇ, ಅವಮಾನಕ್ಕೂ ಅದೇ. ಕಳವಳ, ಕಸಿವಿಸಿ, ತಳಮಳ, ಹಳಹಳಿ, ಬ್ಯಾಸರ, ನಾಚಿಕೆ ಎಂದು ಅವರ ಅಜ್ಜಿಯರು ದಿನಾ ಬಳಸುವ ಪದಗಳನ್ನು ಸ್ಟುಡಿಯೋದ ಗೋಡೆಗೆ ಬರೆದು ಹಚ್ಚಿದೆವು. ಜ್ಯೂರಿಗೆ ಮೊದಲು ಒಂದು ಪದ ಆರಿಸಿ ಚೀಟಿಯಲ್ಲಿ ಬರೆಯಬೇಕು. ಒಬ್ಬ ಹುಡುಗ "ಹಳಹಳಿ" ಎಂದು ಬರೆದು, ಕೆಳಗೆ "ಅಪ್ಪ ಕಟ್ಟಿದ ಫೀ ದಂಡ ಆತು ಅನಸ್ತದ" ಎಂದಿದ್ದ. ಟೆನ್ಷನ್ ಎಂದಿದ್ದರೆ ಅದು ನಮಗೆ ತಿಳಿಯುತ್ತಲೇ ಇರಲಿಲ್ಲ.

ಈ ಮೊದಲು ನಮ್ಮಲ್ಲೂ ವರ್ಷಕ್ಕೊಮ್ಮೆ ಮಾನಸಿಕ ಆರೋಗ್ಯದ ಉಪನ್ಯಾಸ ಇರುತ್ತಿತ್ತು. ಇನ್ನೂರು ಮಂದಿ, ಒಂದು ಸಭಾಂಗಣ, ಒಂದು ಹಾರ. ಬ್ರಿಟನ್ನಿನಲ್ಲಿ 85 ಶಾಲೆಗಳ 8 ಸಾವಿರಕ್ಕೂ ಹೆಚ್ಚು ಮಕ್ಕಳ ಮೇಲೆ ನಡೆದ ಮೈಂಡ್‌ಫುಲ್‌ನೆಸ್ (ಈ ಕ್ಷಣದ ಮೇಲೆ ಗಮನ ನಿಲ್ಲಿಸುವ ಅಭ್ಯಾಸ) ಪಾಠದ ದೊಡ್ಡ ಪ್ರಯೋಗದ ಫಲಿತಾಂಶ 2022ರಲ್ಲಿ ಬಂತು. ಎಂದಿನ ಪಾಠಕ್ಕಿಂತ ಹೆಚ್ಚಿನ ಲಾಭ ಕಾಣಲಿಲ್ಲ. ಅವರು ಶಾಲೆಯ ಮಕ್ಕಳು, ನಮ್ಮವರು ಕಾಲೇಜಿನವರು, ನಿಜ. ಆದರೂ ಪಾಠದ ಹೊರಗೆ ದಿನವಿಡೀ ನಡೆಯುವುದು ಬದಲಾಗದೆ ಪಾಠ ಒಂದರಿಂದಲೇ ಮನಸ್ಸು ಚೇತರಿಸುತ್ತದೆ ಎಂದು ನಾನು ನಂಬಲಾರೆ. ಸೋಮವಾರ ಮುಂಜಾನೆ ಸಬ್ಮಿಷನ್ ಇಟ್ಟು, ಭಾನುವಾರ ರಾತ್ರಿಯಿಡೀ ನಿದ್ದೆಗೆಡಿಸಿ, ಬುಧವಾರ ನೆಮ್ಮದಿಯ ಬಗ್ಗೆ ಭಾಷಣ ಕೇಳಿಸಿದರೆ ಏನು ಬಂತು? ನಿದ್ದೆಗೆಟ್ಟವರಲ್ಲಿ ಅಹಿತಕರ ಚಿತ್ರಗಳಿಗೆ ಅಮಿಗ್ಡಾಲ ಸುಮಾರು 60% ಹೆಚ್ಚು ಸ್ಪಂದಿಸಿದ್ದನ್ನು 2007ರಲ್ಲೇ ತೋರಿಸಿದ್ದಾರೆ. ನಾವು ಸಬ್ಮಿಷನ್ನನ್ನು ಶುಕ್ರವಾರ ಸಂಜೆ ಐದಕ್ಕೆ ತಂದೆವು, ಜ್ಯೂರಿ ಸೋಮವಾರಕ್ಕೇ ಉಳಿಯಿತು.

ಉಳಿದದ್ದನ್ನು ಕಲಿಸಿದ್ದು ಧಾರವಾಡದ ಒಬ್ಬ ಕಸೂತಿ ಅಕ್ಕೋರು. ಅರ್ಧ ದಿನ ಸ್ಟುಡಿಯೋಕ್ಕೆ ಬಂದಿದ್ದರು. ಕಸೂತಿಗೆ ಬಟ್ಟೆಯ ಮೇಲೆ ಗೆರೆ ಹಾಕಿಕೊಳ್ಳುವುದಿಲ್ಲ, ಎಳೆ ಎಣಿಸಿಯೇ ಹಾಕಬೇಕು. ಗವಂತಿ ಹೊಲಿಗೆಯಲ್ಲಿ ಸೂಜಿ ಒಂದು ಬಿಟ್ಟು ಒಂದು ಹೋಗಿ, ಬರುವಾಗ ಬಿಟ್ಟ ಜಾಗ ತುಂಬುತ್ತ ಬರುತ್ತದೆ. ಎರಡೂ ಬದಿಗೆ ಒಂದೇ ಚಿತ್ರ, ಗಂಟು ಕಾಣುವಂತಿಲ್ಲ. ಹೋಗುವಾಗ ಒಂದೆಳೆ ತಪ್ಪಿದ್ದು ತಿರುಗಿ ಬರುವಾಗಲೇ ಗೊತ್ತಾಗುವುದು. ಒಬ್ಬ ಹುಡುಗ ಹಾಕಿದ ಗೋಪುರದ ಗೆರೆಗಳು ಒಂದಕ್ಕೊಂದು ಕೂಡಲಿಲ್ಲ. ಅಕ್ಕೋರು ಬಟ್ಟೆಯನ್ನು ಬೆಳಕಿಗೆ ಹಿಡಿದು, ಉಗುರಿನಿಂದ ಎಣಿಸಿ, "ಇಲ್ಲಿ ನೋಡಪಾ, ನಾಕ ಎಳಿ ಬದಲಿ ಐದು ಹಿಡದೀ. ಇಲ್ಲಿತನಾ ಬಿಚ್ಚು, ಹಿಂದಿಂದು ಛಲೋ ಐತಿ" ಅಂದರು. ಎಲ್ಲಿ ತಪ್ಪಿದೆ, ಎಲ್ಲಿಯವರೆಗೆ ಬಿಚ್ಚಬೇಕು, ಯಾವುದು ಉಳಿಯುತ್ತದೆ ಎಂಬ ಮೂರೇ ಮಾತು. ಹುಡುಗ ಬಿಚ್ಚತೊಡಗಿದ, ಮುಖ ಬಾಡಲಿಲ್ಲ.

ಈಗ ನಮ್ಮ ಜ್ಯೂರಿಯಲ್ಲಿ ಈ ಮೂರು ಮಾತಿಲ್ಲದೆ ಯಾರೂ ಎದ್ದು ಹೋಗುವಂತಿಲ್ಲ. ಇನ್ನೊಂದು ಸಣ್ಣ ಬದಲಾವಣೆಯೂ ಆಗಿದೆ. ನಿಂತವರು ಬರೆದುಕೊಳ್ಳುವುದಿಲ್ಲ, ಪಕ್ಕದಲ್ಲಿ ಕುಳಿತ ಗೆಳತಿಯೋ ಗೆಳೆಯನೋ ಬರೆದುಕೊಳ್ಳುತ್ತಾರೆ. ಎದೆಬಡಿತ ಇಳಿದ ಮೇಲೆ ಇಬ್ಬರೂ ಕೂತು ಓದುತ್ತಾರೆ.

ಇಷ್ಟಕ್ಕೆ ತೀರದ ಸಂಕಟಗಳೂ ಇವೆ. ವಾರಗಟ್ಟಲೆ ನಿದ್ದೆ ಬಾರದವರು, ಬದುಕೇ ಬೇಡವಾದವರು ಮೇಷ್ಟ್ರ ಕೈಗೆ ಮೀರಿದವರು. ನಮಗೆ ಧಾರವಾಡದಲ್ಲೇ ಮಾನಸಿಕ ಆರೋಗ್ಯದ ಆಸ್ಪತ್ರೆ ಡಿಮ್ಹಾನ್ಸ್ ಇದೆ; ಹುಚ್ಚರ ಆಸ್ಪತ್ರೆ ಎಂಬ ಹಳೆಯ ಹೆಸರಿನ ನಾಚಿಕೆಗೆ ಯಾರೂ ಅದರ ಬಾಗಿಲು ತಪ್ಪಿಸಬಾರದು. 2022ರ ಅಕ್ಟೋಬರಿನಲ್ಲಿ ಶುರುವಾದ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲೂ ಬಿಟ್ಟಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಆ ಸಂಖ್ಯೆಯನ್ನು ಪದಗಳ ಪಟ್ಟಿಯ ಕೆಳಗೇ ದೊಡ್ಡದಾಗಿ ಬರೆದಿದ್ದೇವೆ.

ಈ ಜೂನಿನಲ್ಲಿ, ರಜೆಯ ನಡುವೆ, ಶಿಗ್ಗಾವಿಯ ಹುಡುಗಿ ಫೋನಿಗೆ ಒಂದು ಫೋಟೋ ಕಳಿಸಿದಳು. ಅವಳ ಊರಿನ ತಂಗುದಾಣ, ಒದ್ದೆ ನೆಲ, ನೆಲದ ಮೇಲೆ ಸೀಮೆಸುಣ್ಣದ ಗೆರೆ. ಕೆಳಗೆ ಬರೆದಿದ್ದಳು: "ಮಳಿ ಎರಡೂವರೆ ಫೂಟ್ ಒಳಗ ಬರ್ತದ್ರಿ ಸರ್. ನೈಋತ್ಯದ ಗ್ವಾಡಿ ಉದ್ದ ಮಾಡ್ತೀನಿ."