ಮಳೆಗಾಲದಲ್ಲಿ ಸುಡುವ ಗಡಿಯಾರ

ಮೂಡಿಗೆರೆ, ಸಕಲೇಶಪುರ, ಆಲ್ದೂರು ಕಡೆಯ ತೋಟದ ಮನೆಗಳ ಶೆಡ್ಡುಗಳಲ್ಲಿ ಇನ್ನೂ ಒಳ್ಳೊಳ್ಳೆ ಹಳೇ ಕಾರುಗಳಿವೆ. ಟಾರ್ಪಾಲು ಎತ್ತಿದರೆ ಮಾರಿಸ್, ಆಸ್ಟಿನ್, ಫಿಯೆಟ್, ಎಲ್ಲೋ ಒಂದು ಬೆಂಜ್ ಕಾಣುತ್ತದೆ. ಎಂಜಿನ್ ಓಡುತ್ತದೆ, ಹಾರ್ನ್ ಕೂಗುತ್ತದೆ, ಕೆಲವರದ್ದು ರೇಡಿಯೋ ಕೂಡ ಹಾಡುತ್ತದೆ. ಡ್ಯಾಶ್‌ಬೋರ್ಡಿನ ಗಡಿಯಾರ ಮಾತ್ರ ನಿಂತಿರುತ್ತದೆ. ಕೇಳಿದರೆ, "ಅದು ನಮ್ಮಪ್ಪನ ಕಾಲದಿಂದಲೂ ಹಂಗೇ ಇದೆ ಬಿಡಿ" ಅನ್ನುತ್ತಾರೆ.

ಈಗ ಇಂಥ ಕಾರುಗಳನ್ನು ಮೊದಲಿನ ರೂಪಕ್ಕೆ ತರುವ ಹುರುಪು ಜಾಸ್ತಿಯಾಗಿದೆ. ಪೇಂಟು, ಸೀಟು, ಕ್ರೋಮ್ ಎಲ್ಲ ಮುಗಿದ ಮೇಲೆ ಕೊನೆಗೆ ಉಳಿಯುವುದು ಈ ಗಡಿಯಾರ. ಒರಿಜಿನಲ್ ಅನ್ನೇ ಸರಿ ಮಾಡಿಸೋದಾ? ಇಲ್ಲಾ ಅದೇ ಥರ ಕಾಣುವ ಹೊಸದನ್ನು ವಿದೇಶದಿಂದ ತರಿಸೋದಾ? ಜನ ಇದನ್ನು ಅಭಿಮಾನದ ಪ್ರಶ್ನೆ ಮಾಡಿಕೊಂಡು ಗಂಟೆಗಟ್ಟಲೆ ವಾದ ಮಾಡುತ್ತಾರೆ. ನನ್ನ ಪ್ರಕಾರ ಇದು ಬ್ಯಾಟರಿಯ ಪ್ರಶ್ನೆ. ಕಾರು ವರ್ಷದಲ್ಲಿ ಎಷ್ಟು ಕಾಲ ನಿಂತಲ್ಲೇ ನಿಂತಿರುತ್ತದೆ ಅಂತ ಮೊದಲು ಕೇಳಿಕೊಳ್ಳಬೇಕು. ಯಾಕೆ ಅನ್ನೋದು ಗಡಿಯಾರದ ಒಳಗೆ ಇಣುಕಿದರೆ ಗೊತ್ತಾಗುತ್ತದೆ.

ಕಾರಿನ ಗಡಿಯಾರಗಳ ಮೊದಲ ಪೀಳಿಗೆ ಕೈಯಲ್ಲಿ ಕೀಲಿ ಕೊಡುವಂಥದ್ದು. ಎಷ್ಟೋ ಗಡಿಯಾರಗಳು ಒಂದು ಸಲ ಕೀಲಿ ಕೊಟ್ಟರೆ ಎಂಟು ದಿನ ಓಡುತ್ತಿದ್ದವು. ಸ್ವಿಟ್ಜರ್‌ಲೆಂಡಿನ ಹಾಯರ್ ಕಂಪನಿ 1911ರಲ್ಲೇ ಡ್ಯಾಶ್‌ಬೋರ್ಡಿಗೆ ಅಂತಲೇ, ಪ್ರಯಾಣದ ಅವಧಿಯನ್ನೂ ತೋರಿಸುವ ಗಡಿಯಾರ ಮಾಡಿತ್ತು. ಇವಕ್ಕೆ ಬ್ಯಾಟರಿಯ ಹಂಗಿಲ್ಲ. ಕೆಟ್ಟರೆ ಒಳ್ಳೆಯ ವಾಚ್ ರಿಪೇರಿಯವರು ಬಿಚ್ಚಿ ತೊಳೆದು ಎಣ್ಣೆ ಬಿಟ್ಟು ಕೊಡುತ್ತಾರೆ. ಇಂಥದ್ದು ನಿಮ್ಮ ಕಾರಿನಲ್ಲಿದ್ದರೆ ಯೋಚನೆಯೇ ಬೇಡ, ಅದನ್ನೇ ಇಟ್ಟುಕೊಳ್ಳಿ.

ತಕರಾರು ಇರೋದು ಆಮೇಲೆ ಬಂದ ಎಲೆಕ್ಟ್ರಿಕ್ ಗಡಿಯಾರಗಳಲ್ಲಿ. ಹೆಸರು ಎಲೆಕ್ಟ್ರಿಕ್, ಆದರೆ ಅಮೆರಿಕದ ಬೋರ್ಗ್, ವೆಸ್ಟ್‌ಕ್ಲಾಕ್ಸ್, ಜರ್ಮನಿಯ ಕೀನ್ಸ್‌ಲೆ ಮಾಡಿದ ಎಷ್ಟೋ ಗಡಿಯಾರಗಳನ್ನು ಓಡಿಸುವುದು ಸ್ಪ್ರಿಂಗೇ. ಅದು ತೀರಾ ಚಿಕ್ಕ ಸ್ಪ್ರಿಂಗ್. ನಿಧಾನವಾಗಿ ಬಿಚ್ಚಿಕೊಳ್ಳುತ್ತಾ ಬ್ಯಾಲೆನ್ಸ್ ವೀಲನ್ನು, ಅಂದರೆ ಗಡಿಯಾರದ ನಡೆಗೆ ತಾಳ ಹಾಕುವ ಚಕ್ರವನ್ನು, ಅತ್ತಿತ್ತ ಆಡಿಸುತ್ತದೆ. ಒಂದೆರಡು ನಿಮಿಷದಲ್ಲಿ ಅದರ ಕಸುವು ಮುಗಿಯುತ್ತದೆ. ಆಗ ಎರಡು ಪಾಯಿಂಟುಗಳು, ಅಂದರೆ ಸ್ವಿಚ್ಚಿನಂತೆ ಕೆಲಸ ಮಾಡುವ ಲೋಹದ ತುದಿಗಳು, ಒಂದಕ್ಕೊಂದು ತಾಗುತ್ತವೆ. ಬ್ಯಾಟರಿಯ ಕರೆಂಟ್ ತಾಮ್ರದ ಕಾಯಿಲಿಗೆ ನುಗ್ಗುತ್ತದೆ. ಕಾಯಿಲ್ ಒಂದು ಕ್ಷಣ ಅಯಸ್ಕಾಂತವಾಗಿ ಕಬ್ಬಿಣದ ತುಂಡೊಂದನ್ನು ಟಕ್ ಅಂತ ಎಸೆಯುತ್ತದೆ. ಆ ಏಟಿಗೆ ಸ್ಪ್ರಿಂಗ್ ಮತ್ತೆ ಬಿಗಿಯುತ್ತದೆ, ಪಾಯಿಂಟುಗಳು ಬೇರೆಯಾಗುತ್ತವೆ, ಕರೆಂಟ್ ನಿಲ್ಲುತ್ತದೆ. ಇಷ್ಟೇ. ಮತ್ತೆ ಒಂದೆರಡು ನಿಮಿಷ ನೆಮ್ಮದಿ.

1958ರಲ್ಲಿ ಡೇವಿಡ್ ಓಗಿಲ್ವಿ ರೋಲ್ಸ್ ರಾಯ್ಸ್‌ಗೆ ಬರೆದ ಜಾಹೀರಾತು ಜಗತ್ಪ್ರಸಿದ್ಧ. ಗಂಟೆಗೆ 60 ಮೈಲಿ ವೇಗದಲ್ಲಿ ಹೋಗುವಾಗ ಈ ಕಾರಿನಲ್ಲಿ ಕೇಳುವ ಅತಿ ದೊಡ್ಡ ಸದ್ದು ಎಲೆಕ್ಟ್ರಿಕ್ ಗಡಿಯಾರದ್ದು ಅಂತ ಅದರ ತಲೆಬರಹ. ಕಾರು ಅಷ್ಟು ನಿಶ್ಶಬ್ದ ಅಂತ ಹೇಳಹೊರಟಿದ್ದು ಅವರು. ಗಡಿಯಾರ ಅಷ್ಟು ಗದ್ದಲದ್ದು ಅಂತಲೂ ಓದಿಕೊಳ್ಳಬಹುದು, ಅಲ್ವಾ?

ಆ ಟಕ್ ಅನ್ನುವ ಏಟಿಗೆ ಬ್ಯಾಟರಿಯಲ್ಲಿ ದಮ್ಮು ಇರಬೇಕು. ವೋಲ್ಟೇಜ್ ಕಡಿಮೆಯಾದರೆ ಕಾಯಿಲಿನ ಅಯಸ್ಕಾಂತ ಸೊರಗುತ್ತದೆ. ಕಬ್ಬಿಣದ ತುಂಡು ಅರ್ಧ ದಾರಿಯಲ್ಲೇ ನಿಲ್ಲುತ್ತದೆ. ಪಾಯಿಂಟುಗಳು ಬೇರೆಯಾಗೋದೇ ಇಲ್ಲ. ಕ್ಷಣಮಾತ್ರ ಹರಿಯಬೇಕಿದ್ದ ಕರೆಂಟ್ ಹರಿಯುತ್ತಲೇ ಇರುತ್ತದೆ, ಕಾಯಿಲ್ ಕಾಯುತ್ತದೆ, ಕೊನೆಗೆ ಸುಡುತ್ತದೆ. ಲೋ ವೋಲ್ಟೇಜಿನಲ್ಲಿ ಪಂಪ್‌ಸೆಟ್ ಹಾಕಿ, ಅದು ತಿರುಗದೆ ಗುಂಯ್ ಅಂತ ಸುಟ್ಟುಹೋಗಿದ್ದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈಗ ನಮ್ಮ ಮಳೆಗಾಲವನ್ನು ಇದಕ್ಕೆ ಸೇರಿಸಿ ನೋಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನಲ್ಲಿ ಹಳೇ ಕಾರನ್ನು ಹೊರಗೆ ತೆಗೆಯುವವರು ಕಡಿಮೆ. ಕೆಸರು, ತುಕ್ಕು, ಬೀಳುವ ಮರಗಳ ಭಯ. ಕಾರು ಶೆಡ್ಡಿನಲ್ಲಿ ನಿಲ್ಲುತ್ತದೆ. ಸೀಸದ ಬ್ಯಾಟರಿ ಸುಮ್ನೆ ಇಟ್ಟರೂ ತಾನಾಗೇ ಚಾರ್ಜ್ ಕಳೆದುಕೊಳ್ಳುತ್ತದೆ. ಪೂರ್ತಿ ಚಾರ್ಜ್ ಆದಾಗ ಸುಮಾರು 12.6 ವೋಲ್ಟ್ ತೋರಿಸುವ ಬ್ಯಾಟರಿ 12ರ ಕೆಳಗೆ ಇಳಿದರೆ ಬಹುಪಾಲು ಖಾಲಿ ಅಂತ ಲೆಕ್ಕ. ಗಡಿಯಾರಕ್ಕೆ ಇದೆಲ್ಲ ಗೊತ್ತಿಲ್ಲ. ಎರಡು ನಿಮಿಷಕ್ಕೊಮ್ಮೆ ಅಂದರೂ ದಿನಕ್ಕೆ 720 ಸಲ ಟಕ್ ಅನ್ನುತ್ತಲೇ ಇರುತ್ತದೆ. ಅದರ ಮೇಲೆ ತೇವ. ಪ್ರತಿ ಏಟಿಗೂ ಹಾರುವ ಸಣ್ಣ ಕಿಡಿಯಿಂದ ಪಾಯಿಂಟುಗಳಲ್ಲಿ ಗುಳಿ ಬಿದ್ದಿರುತ್ತದೆ, ಥಂಡಿ ಗಾಳಿಗೆ ಅಲ್ಲಿ ಕಿಲುಬು ಕೂರುತ್ತದೆ, ಕಾಯಿಲಿಗೆ ಸಿಗುವ ಕರೆಂಟ್ ಇನ್ನೂ ತಗ್ಗುತ್ತದೆ. ಆಗಸ್ಟ್‌ನ ಯಾವುದೋ ಒಂದು ರಾತ್ರಿ, ಯಾರೂ ಇಲ್ಲದಾಗ, ಕೊನೆಯ ಏಟು ಗುರಿ ಮುಟ್ಟುವುದಿಲ್ಲ. ದೀಪಾವಳಿಗೆ ಶೆಡ್ಡು ತೆಗೆದವರು ಗಡಿಯಾರಕ್ಕೆ ವಯಸ್ಸಾಯಿತು ಅಂದುಕೊಳ್ಳುತ್ತಾರೆ. ದಿನಾ ಓಡುವ ಕಾರಿನಲ್ಲಿ ಅದೇ ಗಡಿಯಾರ ಇನ್ನೂ ಎಷ್ಟೋ ವರ್ಷ ನಡೆಯುತ್ತಿತ್ತು.

ಮಾಡಿದವರಿಗೆ ಈ ಅಪಾಯ ಗೊತ್ತಿತ್ತು. ಹಳೇ ಬೆಂಜ್, ಪೋರ್ಷೆಗಳಲ್ಲಿ ಬರುತ್ತಿದ್ದ ಕೀನ್ಸ್‌ಲೆ ಗಡಿಯಾರಗಳಲ್ಲಿ ಬೇಗ ಕರಗುವ ಬೆಸುಗೆಯ ಒಂದು ಚುಕ್ಕೆ ಇದೆ. ಕಾಯಿಲ್ ಕಾದರೆ ಆ ಬೆಸುಗೆ ಕರಗಿ, ಒಂದು ಪಟ್ಟಿ ಚಿಮ್ಮಿ, ಕರೆಂಟ್ ಕಡಿದುಹೋಗುತ್ತದೆ. ಕಾಯಿಲ್ ಉಳಿಯುತ್ತದೆ. ಎಷ್ಟೋ ಸಲ ಸತ್ತಂತೆ ಕಾಣುವ ಗಡಿಯಾರಕ್ಕೆ ಬೇಕಿರುವುದು ಪಾಯಿಂಟು ಒರೆಸಿ ಆ ಚುಕ್ಕೆಯನ್ನು ಮತ್ತೆ ಕೂರಿಸುವ ಕೆಲಸ ಅಷ್ಟೇ. ಆದರೆ ಅಲ್ಲಿಗೆ ರೇಡಿಯೋ ರಿಪೇರಿಯ ಮಾಮೂಲಿ ಬೆಸುಗೆ ಹಾಕಬಾರದು. ತವರ ಮತ್ತು ಸೀಸದ ಆ ಬೆಸುಗೆ ಕರಗಲು 183 ಡಿಗ್ರಿಗೂ ಮೇಲೆ ಬಿಸಿ ಬೇಕು. ಮುಂದಿನ ಮಳೆಗಾಲದಲ್ಲಿ ಬೆಸುಗೆ ಗಟ್ಟಿಯಾಗಿ ಉಳಿದು ಕಾಯಿಲ್ ಬೂದಿಯಾಗುತ್ತದೆ.

ಇದನ್ನು ಯಾರ ಹತ್ತಿರ ಮಾಡಿಸೋದು ಅನ್ನೋದೇ ನಮ್ಮ ಕಡೆಯ ದೊಡ್ಡ ತಲೆನೋವು. ಹಾಸನದಲ್ಲೋ ಚಿಕ್ಕಮಗಳೂರಲ್ಲೋ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಹೋದರೆ "ಸಾರ್, ಇದು ವಾಚ್ ಕೆಲಸ" ಅನ್ನುತ್ತಾರೆ. ವಾಚ್ ಅಂಗಡಿಗೆ ಹೋದರೆ "ಇದು ಕಾರಿನ ವೈರಿಂಗು, ನಮ್ಮದಲ್ಲ" ಅನ್ನುತ್ತಾರೆ. ಇಬ್ಬರದ್ದೂ ನಿಜವೇ. ಎಚ್‌ಎಂಟಿ ಕೀಲಿ ವಾಚುಗಳ ಕಾಲದಲ್ಲಿ ಕೈ ಪಳಗಿಸಿಕೊಂಡ ಹಿರಿಯರು ಸಿಕ್ಕರೆ ಬ್ಯಾಲೆನ್ಸ್ ವೀಲು, ಅದನ್ನು ಹಿಡಿದು ತೂಗಿಸುವ ಕೂದಲೆಳೆಯಂಥ ಹೇರ್‌ಸ್ಪ್ರಿಂಗು ಅವರಿಗೆ ನೀರು ಕುಡಿದಷ್ಟು ಸುಲಭ. ಕಾಯಿಲು, ಪಾಯಿಂಟಿಗೆ ಇನ್ನೊಬ್ಬರನ್ನು ಅವರ ಪಕ್ಕದಲ್ಲೇ ಕೂರಿಸಬೇಕು.

ಬ್ರಿಟಿಷ್ ಕಾರುಗಳ ಕತೆ ಸ್ವಲ್ಪ ಬೇರೆ. ಅವುಗಳಲ್ಲಿ ಹೆಚ್ಚಾಗಿ ಇರೋದು ಸ್ಮಿತ್ಸ್ ಕಂಪನಿಯ ಗಡಿಯಾರ. 1851ರಲ್ಲಿ ಲಂಡನ್‌ನಲ್ಲಿ ಅಂಗಡಿಯಾಗಿ ಶುರುವಾದ ಕಂಪನಿ ಅದು. ಅದರ ಎಷ್ಟೋ ಮಾದರಿಗಳಲ್ಲಿ ಕೀಲಿಯ ಸ್ಪ್ರಿಂಗೇ ಇಲ್ಲ, ಕಾಯಿಲ್ ನೇರವಾಗಿ ಬ್ಯಾಲೆನ್ಸ್ ವೀಲನ್ನೇ ತಳ್ಳುತ್ತದೆ. ಆಮೇಲಿನವಕ್ಕೆ ಟ್ರಾನ್ಸಿಸ್ಟರ್ ಬಂತು. ಇಲ್ಲೊಂದು ಬಲೆ ಇದೆ. 1960ರ ದಶಕದ ನಡುವಿನವರೆಗೆ ಬಹುತೇಕ ಬ್ರಿಟಿಷ್ ಕಾರುಗಳಲ್ಲಿ ಬ್ಯಾಟರಿಯ ಪಾಸಿಟಿವ್ ತುದಿ ಕಾರಿನ ಲೋಹದ ಬಾಡಿಯ ಜೊತೆ ಸೇರುತ್ತಿತ್ತು. ಹೊಸ ರೇಡಿಯೋ ಅಥವಾ ಆಲ್ಟರ್ನೇಟರ್ ಹಾಕುವಾಗ ನಮ್ಮಲ್ಲಿ ಅನೇಕರು ಅದನ್ನು ನೆಗೆಟಿವ್‌ಗೆ ಬದಲಾಯಿಸಿದ್ದಾರೆ. ಟ್ರಾನ್ಸಿಸ್ಟರ್ ಇರುವ ಗಡಿಯಾರಕ್ಕೆ ಕರೆಂಟ್ ಉಲ್ಟಾ ಕೊಟ್ಟರೆ ಅದು ಅಲ್ಲೇ ಸಾಯಬಹುದು. ಗಡಿಯಾರದ ಮೇಲೆ ಬರೆದಿದ್ದನ್ನು ಓದಿ, ಕಾರಿನಲ್ಲಿ ಈಗ ಯಾವುದಿದೆ ಅಂತ ಮೀಟರ್ ಹಿಡಿದು ನೋಡಿ, ಆಮೇಲೆ ವೈರ್ ಮುಟ್ಟಿ.

ಇನ್ನು ಹೊಸದಾಗಿ ಮಾಡಿದ ಹಳೇ ಗಡಿಯಾರ. ಡಯಲ್ಲು, ಮುಳ್ಳು, ಕ್ರೋಮ್ ಉಂಗುರ ಎಲ್ಲ ಹಳೆಯದರಂತೆ, ಒಳಗೆ ಕ್ವಾರ್ಟ್ಜ್. ಸೆಕೆಂಡಿಗೆ 32,768 ಸಲ ಅದುರುವ ಪುಟ್ಟ ಹರಳು. ಆ ಸಂಖ್ಯೆ ಸುಮ್ನೆ ಬಂದಿದ್ದಲ್ಲ. ಅದನ್ನು ಹದಿನೈದು ಸಲ ಅರ್ಧ ಮಾಡಿದರೆ ಸರಿಯಾಗಿ ಒಂದು ಬರುತ್ತದೆ, ಅಂದರೆ ಸೆಕೆಂಡಿಗೆ ಒಂದು ಮಿಡಿತ. ಪಾಯಿಂಟಿಲ್ಲ, ಕಿಡಿಯಿಲ್ಲ, ಏಟಿಲ್ಲ. ಬ್ಯಾಟರಿ ಇಳಿದರೆ ನಿಲ್ಲುತ್ತದೆ, ಚಾರ್ಜ್ ಮಾಡಿದರೆ ಮತ್ತೆ ನಡೆಯುತ್ತದೆ. ನಾಲ್ಕು ತಿಂಗಳು ಶೆಡ್ಡಿನಲ್ಲಿ ನಿಲ್ಲುವ ಕಾರಿಗೆ ಇದಕ್ಕಿಂತ ಒಳ್ಳೆಯ ಗುಣ ಬೇಕಾ?

ಸಮಯದ ನಿಖರತೆಯಲ್ಲೂ ಅದೇ ಮುಂದೆ. ಹರಳಿಗೆ ಹಿಡಿಸುವುದು 25 ಡಿಗ್ರಿ ಆಸುಪಾಸು. ಅದಕ್ಕಿಂತ ಬಿಸಿಯಾದರೂ ನಿಧಾನ, ತಣ್ಣಗಾದರೂ ನಿಧಾನ. ಬಿಸಿಲಲ್ಲಿ ಮುಚ್ಚಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ 60 ಡಿಗ್ರಿ ತಲುಪಿ ದಿನವಿಡೀ ಹಾಗೇ ಇತ್ತು ಅಂದುಕೊಂಡರೂ ಹರಳು ತಪ್ಪುವುದು ನಾಲ್ಕು ಸೆಕೆಂಡಿನ ಒಳಗೆ. ಮಾಮೂಲಿ ಉಕ್ಕಿನ ಹೇರ್‌ಸ್ಪ್ರಿಂಗ್ ಇರುವ ಗಡಿಯಾರ ಒಂದೇ ಒಂದು ಡಿಗ್ರಿ ಬದಲಾವಣೆಗೆ ದಿನಕ್ಕೆ ಸುಮಾರು ಹತ್ತು ಸೆಕೆಂಡು ತಪ್ಪಬಲ್ಲದು. ಬಿಸಿಗೆ ಉಕ್ಕಿನ ಬಿಗುವು ಸಡಿಲವಾಗುವುದೇ ಕಾರಣ. ಬಿಸಿಗೆ ಅಷ್ಟಾಗಿ ಬಗ್ಗದ ನಿಕಲ್ ಮತ್ತು ಉಕ್ಕಿನ ಮಿಶ್ರಲೋಹಗಳನ್ನು ಕಂಡುಹಿಡಿದ ಶಾರ್ಲ್ ಎದ್ವಾರ್ ಗಿಯೋಂಗೆ 1920ರಲ್ಲಿ ಭೌತವಿಜ್ಞಾನದ ನೊಬೆಲ್ ಬಂತು.

ಆದರೂ ಅಮೆರಿಕದ ಕೆಲವು ಹಳೇ ಗಡಿಯಾರಗಳ ಜಾಣತನ ನನಗೆ ತುಂಬಾ ಇಷ್ಟ. ನಿಧಾನವಾಗಿದೆ ಅಂತ ಮುಳ್ಳನ್ನು ಮುಂದಕ್ಕೆ ತಿರುಗಿಸಿದರೆ, ಒಳಗಿನ ಹಲ್ಲುಚಕ್ರ ಅದನ್ನು ಗಮನಿಸಿ ಗಡಿಯಾರದ ನಡೆಯನ್ನೇ ಸ್ವಲ್ಪ ಚುರುಕು ಮಾಡುತ್ತದೆ. ಹಿಂದಕ್ಕೆ ತಿರುಗಿಸಿದರೆ ನಿಧಾನ ಮಾಡುತ್ತದೆ. ಚಿಪ್ಪಿಲ್ಲದೆ, ಬರೀ ಹಿತ್ತಾಳೆಯಲ್ಲಿ ಮಾಡಿದ ಕೆಲಸ ಇದು. ಇಂಥದ್ದನ್ನು ಕಿತ್ತು ಕ್ವಾರ್ಟ್ಜ್ ಹಾಕುವವರನ್ನು ಕಂಡರೆ ಹೊಟ್ಟೆ ಉರಿಯುತ್ತದೆ.

ಹೊಸದೆಲ್ಲ ಗಟ್ಟಿ ಅಂತಲೂ ಇಲ್ಲ. ಕ್ವಾರ್ಟ್ಜ್ ಯಂತ್ರಕ್ಕೆ ಸಾಮಾನ್ಯವಾಗಿ ಸಾಕಾಗೋದು 1.5 ವೋಲ್ಟ್. ಕಾರು ಓಡುವಾಗ 14 ವೋಲ್ಟ್ ದಾಟುತ್ತದೆ, ಸೆಲ್ಫ್ ಹೊಡೆದಾಗ 12ರಿಂದ ತುಂಬಾ ಕೆಳಗೆ ಕುಸಿಯುತ್ತದೆ, ನಡುನಡುವೆ ಇಗ್ನಿಷನ್ನಿನ ಜಿಗಿತಗಳು ಬೇರೆ. ಇದನ್ನೆಲ್ಲ ತಡೆಯುವ ಸರ್ಕ್ಯೂಟ್ ಚೆನ್ನಾಗಿಲ್ಲದ ಅಗ್ಗದ ಮಾಲು ಬೇಗ ಕೆಡುತ್ತದೆ. ಒರಿಜಿನಲ್ ಅಂದರೆ ಯಾವಾಗಲೂ ಸ್ಪ್ರಿಂಗು ಅಂತಲೂ ಅಲ್ಲ. 1976ರಲ್ಲಿ ಬಂದ ಬೆಂಜ್ ಡಬ್ಲ್ಯೂ 123ರ ಗಡಿಯಾರ ಕ್ವಾರ್ಟ್ಜೇ. ಅದು ನಿಂತರೆ ಬಹಳ ಸಲ ಕಾರಣ ಒಣಗಿದ ಕೆಪಾಸಿಟರ್. ಅದನ್ನು ಬದಲಾಯಿಸಲು ಟಿವಿ ರಿಪೇರಿಯವರೇ ಸಾಕು.

ಒಂದು ವಿಷಯದಲ್ಲಿ ಮಾತ್ರ ಹೊಸದರ ಪರ ನನ್ನ ವಕಾಲತ್ತು ಪೂರ್ತಿ. ಹಳೇ ಡಯಲ್ಲುಗಳ ಕೆಲವು ಅಂಕಿ, ಮುಳ್ಳುಗಳಿಗೆ ಕತ್ತಲಲ್ಲಿ ಹೊಳೆಯಲಿ ಅಂತ ರೇಡಿಯಂ ಬಣ್ಣ ಬಳಿದಿದ್ದಾರೆ. ಅಮೆರಿಕದ ನ್ಯೂಜೆರ್ಸಿಯಲ್ಲಿ ಈ ಬಣ್ಣ ಬಳಿಯುತ್ತಿದ್ದ ಹೆಣ್ಣುಮಕ್ಕಳು ಬ್ರಷ್ಷಿನ ತುದಿಯನ್ನು ತುಟಿಯಲ್ಲಿ ಚೂಪು ಮಾಡಿ, ರೇಡಿಯಂ ನುಂಗಿದರು; ಅವರಲ್ಲಿ ಎಷ್ಟೋ ಜನ ದವಡೆ ಕೊಳೆತು ಸತ್ತರು. ಆ ಕೆಲಸ ಮಾಡಿದ್ದ ಐವರು ಹಾಕಿದ ಮೊಕದ್ದಮೆ 1928ರಲ್ಲಿ ರಾಜಿಯಾಯಿತು. ರೇಡಿಯಂನ ಅರ್ಧಾಯುಷ್ಯ ಸುಮಾರು 1,600 ವರ್ಷ. ಅದರ ಜೊತೆ ಬೆರೆಸಿದ ಸತುವಿನ ಸಲ್ಫೈಡ್ ಮಾತ್ರ ಬೇಗ ಹಾಳಾಗುತ್ತದೆ. ಅಂದರೆ ಹೊಳಪು ಹೋಗಿದೆ, ವಿಕಿರಣ ಹಾಗೇ ಇದೆ. ಗಾಜು ಗಟ್ಟಿಯಾಗಿದ್ದರೆ ದೊಡ್ಡ ಭಯ ಬೇಡ. ಮಲೆನಾಡಿನ ಥಂಡಿಗೆ ಡಯಲ್ಲಿನ ಮೇಲೆ ಬೂಷ್ಟು ಬಂದಿದೆ ಅಂತ ಗಾಜು ತೆಗೆದು ಕೆರೆಯಲು ಹೋದರೆ ಆ ಪುಡಿ ಮೂಗಿಗೆ ಸೇರುತ್ತದೆ. ಕಂದು ತಿರುಗಿದ ಹಳೇ ಬಣ್ಣ ಕಂಡರೆ ಮನೆಯಲ್ಲಿ ಬಿಚ್ಚಲೇಬೇಡಿ.

ಹಾಗಾದರೆ ಯಾವುದು? ಕಾರು ವಾರಕ್ಕೊಮ್ಮೆಯಾದರೂ ಓಡುತ್ತಿದ್ದರೆ, ಗಡಿಯಾರದ ಕಾಯಿಲ್ ಉಳಿದಿದ್ದರೆ, ಒರಿಜಿನಲ್ ಅನ್ನೇ ಸರಿ ಮಾಡಿಸಿ. ಮಳೆಗಾಲಪೂರ್ತಿ ನಿಲ್ಲುವ ಕಾರಾದರೂ ಬ್ಯಾಟರಿಗೆ ಒಂದು ಕಟ್-ಆಫ್ ಸ್ವಿಚ್ ಹಾಕಿಸಿದರೆ ಒರಿಜಿನಲ್ ಬದುಕುತ್ತದೆ. ಕಾರನ್ನು ಶೆಡ್ಡಿಗೆ ಸೇರಿಸುವಾಗ ಅದನ್ನು ಆಫ್ ಮಾಡಿ, ಅಕ್ಟೋಬರ್‌ನಲ್ಲಿ ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿದ ಮೇಲೆಯೇ ಮತ್ತೆ ಆನ್ ಮಾಡಿ. ಸ್ವಿಚ್ಚಿನ ನೆನಪು ಉಳಿಯದವರಿಗೆ, ಗಡಿಯಾರವೇ ಕಳೆದುಹೋಗಿರುವವರಿಗೆ ಹೊಸದೇ ವಾಸಿ. ಹಳೇ ಡಬ್ಬಿ, ಹಳೇ ಡಯಲ್ಲು ಉಳಿಸಿಕೊಂಡು ಒಳಗೆ ಮಾತ್ರ ಕ್ವಾರ್ಟ್ಜ್ ಕೂರಿಸುವ ದಾರಿಯೂ ಇದೆ. ಹಾಗೆ ಮಾಡಿದರೆ ತೆಗೆದ ಯಂತ್ರವನ್ನು ಗುಜರಿಗೆ ಹಾಕಬೇಡಿ, ಡಬ್ಬಿಯಲ್ಲಿಟ್ಟು ಹೆಸರು ಬರೆದಿಡಿ. ಕಾನೂನಿನ ಚಿಂತೆ ಬೇಡ. 50 ವರ್ಷ ದಾಟಿದ ಗಾಡಿಗಳನ್ನು ವಿಂಟೇಜ್ ಅಂತ ನೋಂದಾಯಿಸಿ ವಿಎ ಸರಣಿಯ ನಂಬರ್ ಕೊಡುವ 2021ರ ನಿಯಮ ಮುಖ್ಯವಾಗಿ ಕೇಳುವುದು ಚಾಸಿ, ಬಾಡಿ, ಎಂಜಿನ್ ಮೂಲದಂತೆ ಇವೆಯಾ ಅಂತ.

ಗುಜರಿಯಲ್ಲೋ ಪರಿಚಯದವರ ಹತ್ತಿರವೋ ಸ್ಪ್ರಿಂಗಿನ ಹಳೇ ಗಡಿಯಾರ ಕೊಳ್ಳುವುದಿದ್ದರೆ ಚಾರ್ಜ್ ಆದ ಬ್ಯಾಟರಿ, ಎರಡು ವೈರ್, ನಡುವೆ ಒಂದು ಸಣ್ಣ ಫ್ಯೂಸ್ ತೆಗೆದುಕೊಂಡು ಹೋಗಿ. ಅದು 6 ವೋಲ್ಟಿನದಾ 12ರದ್ದಾ ಅಂತ ಹಿಂಬದಿ ನೋಡಿಕೊಳ್ಳಿ. ವೈರ್ ತಾಗಿಸಿದ ಕೂಡಲೇ ಒಂದು ಟಕ್ ಬರಬೇಕು. ಬರದಿದ್ದರೆ, ಅಥವಾ ಹಿಂಭಾಗ ಬಿಸಿಯಾದರೆ, ತಕ್ಷಣ ತೆಗೆಯಿರಿ. ಬಂದರೂ ಕೂಡಲೇ ದುಡ್ಡು ಕೊಡಬೇಡಿ. ಮೊದಲ ಏಟಿಗೆ ಕಾಯಿಲ್ ಚೆನ್ನಾಗಿದೆ ಅಂತಷ್ಟೇ ಗೊತ್ತಾಗುತ್ತದೆ. ಒಂದೆರಡು ನಿಮಿಷ ಕಾದು ಎರಡನೆಯದೂ ತಾನಾಗೇ ಬಂದರೆ, ಒಳಗಿನ ಚಕ್ರಗಳೂ ಓಡುತ್ತಿವೆ ಅಂತ ತಿಳಿದು ದರದ ಮಾತು ಶುರು ಮಾಡಬಹುದು.