ರಾಕೆಟ್ ಕೇಂದ್ರ ಬಂದ ಸೀಮೆಗೆ ಉಳಿಯುವುದೇನು?

ಪ್ರಶ್ನೆ: ಉಡಾವಣಾ ಕೇಂದ್ರ ಬಂದರೆ ಸುತ್ತಲಿನ ಸೀಮೆಯೇ ಉದ್ಧಾರವಾಗುತ್ತದೆ ಎನ್ನುತ್ತಾರೆ. ನಿಜಕ್ಕೂ ಅಲ್ಲಿನವರ ಕೈಗೆ ಬರುವುದೇನು, ಕೈತಪ್ಪುವುದೇನು?

ಉತ್ತರ: ಅರವತ್ತು ವರ್ಷಗಳ ಲೆಕ್ಕ ಒಟ್ಟಿಗೇ ಸಿಗುವ ಜಾಗ ಫ್ರೆಂಚ್ ಗಯಾನಾ. ದಕ್ಷಿಣ ಅಮೆರಿಕದಲ್ಲಿದ್ದರೂ ಅದು ಇಂದಿಗೂ ಫ್ರಾನ್ಸಿನ ಭಾಗ. ಉಡಾವಣಾ ಕೇಂದ್ರವಿರುವ ಅಲ್ಲಿನ ಕೌರು ನಮಗೆ ಅಪರಿಚಿತವಲ್ಲ. 1981ರ ಆಪಲ್‌ನಿಂದ 5,854 ಕೆ.ಜಿ. ತೂಕದ ಜಿಸ್ಯಾಟ್-11ರವರೆಗೆ ಬೆಂಗಳೂರಿನಲ್ಲಿ ಸಿದ್ಧವಾದ ಎಷ್ಟೋ ಉಪಗ್ರಹಗಳು ಅಲ್ಲಿಂದಲೇ ಹಾರಿದವು. ಕಕ್ಷೆ ಸೇರಿದ ಜಿಸ್ಯಾಟ್‌ಗಳನ್ನು ನೋಡಿಕೊಳ್ಳುವುದು ಹಾಸನದ ನಿಯಂತ್ರಣ ಕೇಂದ್ರ.

ಫ್ರಾನ್ಸ್ ಮೊದಲು ರಾಕೆಟ್ ಹಾರಿಸುತ್ತಿದ್ದದ್ದು ಅಲ್ಜೀರಿಯದ ಮರುಭೂಮಿಯಿಂದ. 1962ರಲ್ಲಿ ಅಲ್ಜೀರಿಯ ಸ್ವತಂತ್ರವಾಯಿತು, 1967ರೊಳಗೆ ಜಾಗ ಖಾಲಿ ಮಾಡಬೇಕಾಯಿತು. 1964ರಲ್ಲಿ ಕೌರು ಆಯ್ಕೆಯಾಯಿತು. ಸಮಭಾಜಕ ವೃತ್ತದಿಂದ ಬರೀ ಐದು ಡಿಗ್ರಿ ದೂರ. ಪೂರ್ವಕ್ಕೆ ಹಾರುವ ರಾಕೆಟ್‌ಗೆ ಭೂಮಿಯ ತಿರುಗುವಿಕೆಯಿಂದಲೇ ಸೆಕೆಂಡಿಗೆ ಸುಮಾರು 463 ಮೀಟರ್ ವೇಗ ಪುಕ್ಕಟೆ ಸಿಗುತ್ತದೆ. ಶ್ರೀಹರಿಕೋಟಾದಲ್ಲಿ ಇದು 452ರ ಆಸುಪಾಸು. ಉತ್ತರಕ್ಕೂ ಪೂರ್ವಕ್ಕೂ ತೆರೆದ ಸಮುದ್ರ, ಚಂಡಮಾರುತದ ಕಾಟವಿಲ್ಲ. ಇವುಗಳ ಜೊತೆಗೆ ಹೇಳಿದ ಇನ್ನೊಂದು ಕಾರಣ, 'ಜನ ವಿರಳ'.

ವಿರಳವಾದರೂ ಜನ ಇದ್ದರು. ಕೌರು ಮತ್ತು ಸಿನಾಮರಿ ನಡುವಿನ ಕರಾವಳಿಯಲ್ಲಿ ಮಲ್ಮನೂರಿಯಂಥ ಹಳ್ಳಿಗಳಿದ್ದವು. ಬೇಸಾಯ, ದನಕರು, ಮೀನುಗಾರಿಕೆಯಿಂದ ಬದುಕುತ್ತಿದ್ದ ನೂರಾರು ಜನ ಎದ್ದು ಹೋಗಬೇಕಾಯಿತು. ಕೇಂದ್ರದ ವ್ಯಾಪ್ತಿ ಸುಮಾರು 700 ಚದರ ಕಿ.ಮೀ. ಕಟ್ಟಡ, ಉಡಾವಣಾ ಕಂಬಗಳಿಗೆ ಬೇಕಾದದ್ದು ಇದರಲ್ಲಿ ಅಲ್ಪ ಪಾಲು. ರಾಕೆಟ್ ಸಿಡಿದರೆ ಚೂರುಗಳು ಬೀಳುವ ಸುತ್ತಳತೆಯಲ್ಲಿ ಯಾರೂ ವಾಸಿಸಬಾರದು, ಹಾಗಾಗಿ ಮಿಕ್ಕಿದ್ದೆಲ್ಲ ಖಾಲಿ ಬಿಡಬೇಕಾದ ನೆಲ. ಎಷ್ಟು ಎಕರೆ ಎಂಬುದರ ಜೊತೆಗೆ ಯಾವ ಎಕರೆಯಲ್ಲಿ ಕೆಲಸ, ಯಾವ ಎಕರೆ ಬರೀ ಅಂತರ ಎಂದೂ ಭೂಸ್ವಾಧೀನದ ಹೊತ್ತಿನಲ್ಲೇ ಕೇಳಬೇಕು. ಖಾಲಿ ನೆಲದಲ್ಲಿ ದನ ಮೇಯಿಸುವ, ದಡದಲ್ಲಿ ಬಲೆ ಬೀಸುವ ಹಕ್ಕು ಉಳಿಯುತ್ತದೆಯೇ ಎಂಬ ಮಾತು ಆಗಲೇ ಬರಹಕ್ಕೆ ಇಳಿಯಬೇಕು.

ಉದ್ಯೋಗದ ಲೆಕ್ಕಕ್ಕೆ ಬಂದರೆ, ಕಟ್ಟುವಾಗ ಬೇಕಾಗುವ ಜನ ಬೇರೆ, ನಡೆಸುವಾಗ ಬೇಕಾಗುವವರೇ ಬೇರೆ. ಕೌರುವನ್ನು ಕಟ್ಟಿದ ಕೂಲಿಗಳಲ್ಲಿ ಪಕ್ಕದ ಸುರಿನಾಮ್‌ನಿಂದ ಬಂದ ಸರಮಾಕಾ ಜನಾಂಗದವರು ಬಹಳ. ಕಾಮಗಾರಿ ಮುಗಿದರೂ ಅವರು ಅಲ್ಲೇ ನೆಲೆಯೂರಿದರು. 1960ರ ದಶಕದ ಆರಂಭದಲ್ಲಿ ಏಳುನೂರು ಜನವೂ ಇಲ್ಲದಿದ್ದ ಊರು ಇಂದು ಇಪ್ಪತ್ತೈದು ಸಾವಿರದ ಆಸುಪಾಸಿನ ಪಟ್ಟಣ. ಕೇಂದ್ರದೊಳಗಿನ ಕಾಯಂ ಕೆಲಸಗಳೋ, 2010ರ ದಶಕದ ಹೊತ್ತಿಗೆ ಸುಮಾರು 1,700. ಉಪಗ್ರಹದ ಜೊತೆ ಬರುವ ಎಂಜಿನಿಯರ್‌ಗಳು ಕೆಲವು ವಾರ ಹೋಟೆಲಿನಲ್ಲಿದ್ದು, ಉಡಾವಣೆ ಮುಗಿಸಿ ಹೊರಟುಬಿಡುತ್ತಾರೆ.

ಹಾಗಾದರೆ ನೆಲದಲ್ಲಿ ಬೇರು ಬಿಡುವ ಕೆಲಸ ಯಾವುದು? ಸಾಗಿಸಲಾಗದ್ದು. ಯುರೋಪಿನ ಏರಿಯಾನ್-5 ರಾಕೆಟ್‌ನ ಪಕ್ಕದಲ್ಲಿದ್ದು ಮೇಲೇರಲು ನೂಕುತ್ತಿದ್ದ ಬೂಸ್ಟರ್ ಒಂದೊಂದರಲ್ಲೂ ಮೂರು ಖಂಡ, ಸುಮಾರು 240 ಟನ್ ಘನ ಇಂಧನ. ಮೇಲಿನ ಚಿಕ್ಕ ಖಂಡವನ್ನು ಇಟಲಿಯಲ್ಲೇ ತುಂಬಿ ಹಡಗಿಗೆ ಏರಿಸುತ್ತಿದ್ದರು. ತಲಾ ನೂರು ಟನ್ ದಾಟುವ ಕೆಳಗಿನ ಎರಡು ಖಂಡಗಳು ಮಾತ್ರ ಬರಿಯ ಕವಚವಾಗಿ ಬಂದು ಗಯಾನಾದಲ್ಲೇ ತುಂಬುತ್ತಿದ್ದವು. ಅಮೋನಿಯಂ ಪರ್‌ಕ್ಲೋರೇಟ್, ಅಲ್ಯೂಮಿನಿಯಂ ಪುಡಿ, ರಬ್ಬರಿನಂಥ ಬಂಧಕ ಮೂರನ್ನೂ ಕಲಸಿ, ಕವಚಕ್ಕೆ ಸುರಿದು, ಗಟ್ಟಿಯಾಗಲು ಬಿಡಬೇಕು. ಒಳಗೆ ಬಿರುಕೋ ಗಾಳಿಗುಳ್ಳೆಯೋ ಉಳಿದರೆ ಉರಿಯುವ ಮೇಲ್ಮೈ ಹೆಚ್ಚಿ, ಒತ್ತಡ ಏರಿ, ಕವಚವೇ ಒಡೆಯಬಹುದು. ಹಾಗಾಗಿ ತಪಾಸಣೆಗೂ ನುರಿತ ಕೈಗಳು ಬೇಕು. ದ್ರವ ಆಮ್ಲಜನಕ, ದ್ರವ ಜಲಜನಕದ ಸ್ಥಾವರಗಳೂ ಅಲ್ಲೇ ಇವೆ. ಶ್ರೀಹರಿಕೋಟಾದಲ್ಲೂ ಘನ ಇಂಧನದ ದೊಡ್ಡ ಕಾರ್ಖಾನೆಯಿದೆ. ಅದರ ಅಪಾಯವೂ ಅಲ್ಲಿಯದೇ: 2004ರ ಫೆಬ್ರವರಿಯಲ್ಲಿ ಇಂಧನಕ್ಕೆ ಬೆಂಕಿ ಹತ್ತಿ ಆರು ಮಂದಿ ಜೀವ ಕಳೆದುಕೊಂಡರು.

ಇನ್ನು ಕರೆಂಟು. ಉಪಗ್ರಹ ಇಡುವ ಶುದ್ಧ ಕೋಣೆಗಳಲ್ಲಿ ಎ.ಸಿ. ಹಗಲುರಾತ್ರಿ ನಿಲ್ಲುವಂತಿಲ್ಲ. ಕೇಂದ್ರವೂ ಬೆಳೆಯಿತು, ಊರುಗಳೂ ಬೆಳೆದವು, ಬೇಡಿಕೆಯೂ ಏರಿತು. ಅದಕ್ಕಾಗಿ ಸಿನಾಮರಿ ನದಿಗೆ 116 ಮೆಗಾವ್ಯಾಟ್‌ನ ಪೆಟಿ-ಸೋ ಅಣೆಕಟ್ಟು ಬಂತು. 1994ರಿಂದ ನೀರು ತುಂಬತೊಡಗಿ, ಹೆಚ್ಚುಕಡಿಮೆ ನಮ್ಮ ಲಿಂಗನಮಕ್ಕಿ ಹಿನ್ನೀರಿನಷ್ಟು ವಿಸ್ತಾರದ ಮಳೆಕಾಡು ಮುಳುಗಿತು. ಮರಗಳನ್ನು ಬಹುಪಾಲು ಕಡಿಯದೇ ಮುಳುಗಿಸಿದ್ದರಿಂದ ಅವು ತಳದಲ್ಲಿ ಕೊಳೆತು ನೀರಿನ ಆಮ್ಲಜನಕವನ್ನು ಹೀರಿದವು, ಮೀಥೇನ್ ಬಿಟ್ಟವು. ಟರ್ಬೈನ್ ದಾಟಿದ ನೀರಿನಲ್ಲಿ ಮೀನು ಉಳಿಯಬೇಕೆಂದರೆ ಕೆಳಗಡೆ ತಡೆಗೋಡೆ ಕಟ್ಟಿ, ನೀರನ್ನು ಧುಮುಕಿಸಿ ಗಾಳಿ ಬೆರೆಸಲೇಬೇಕಾಯಿತು. ಒಂದು ರಾಕೆಟ್ ಕೇಂದ್ರ ಎಷ್ಟು ದೂರದವರೆಗೆ ಕೈಚಾಚುತ್ತದೆ ಎಂಬುದಕ್ಕೆ ಇದಕ್ಕಿಂತ ನೋವಿನ ಸಾಕ್ಷಿ ಕಾಣೆ.

1990ರ ದಶಕದ ಆರಂಭದಲ್ಲಿ ಗಯಾನಾದ ಆರ್ಥಿಕ ಉತ್ಪನ್ನದ ಕಾಲು ಭಾಗಕ್ಕೂ ಹೆಚ್ಚು ಬಾಹ್ಯಾಕಾಶದ್ದಾಗಿತ್ತು. 2010ರ ದಶಕದಲ್ಲಿ ಸುಮಾರು 15%. ಇಷ್ಟಿದ್ದೂ ದುಡಿಯಲು ಸಿದ್ಧರಿದ್ದವರಲ್ಲಿ ಐವರಲ್ಲಿ ಒಬ್ಬರಿಗೂ ಹೆಚ್ಚು ಮಂದಿಗೆ ಕೆಲಸವಿರಲಿಲ್ಲ. ಆಸ್ಪತ್ರೆ, ಶಾಲೆ, ಭದ್ರತೆ ಕೇಳಿ 2017ರ ಮಾರ್ಚ್‌ನಲ್ಲಿ ಜನ ರಸ್ತೆ ತಡೆದರು. ಚಳವಳಿಯ ಕೂಟಕ್ಕೆ ಅವರು ಇಟ್ಟ ಹೆಸರಿನ ಅರ್ಥವೇ 'ಗಯಾನಾ ಮೇಲೇರಲಿ'. ಬ್ರೆಜಿಲ್ ಮತ್ತು ದಕ್ಷಿಣ ಕೊರಿಯಾದ ಉಪಗ್ರಹಗಳನ್ನು ಹೊತ್ತ ಏರಿಯಾನ್-5 ಕಂಬದವರೆಗೂ ಹೋಗಲಾಗದೆ ನಿಂತಿತು. ಏಪ್ರಿಲ್ 21ರಂದು ಸರ್ಕಾರ ನೂರು ಕೋಟಿ ಯೂರೊ ದಾಟುವ ತುರ್ತು ನೆರವಿಗೆ ಸಹಿ ಹಾಕಿತು, ಮೇ 4ರಂದು ರಾಕೆಟ್ ಹಾರಿತು.

ಒಂದೇ ಬಾಡಿಗೆದಾರನನ್ನು ನೆಚ್ಚಿದರೆ ಏನಾಗುತ್ತದೆ ಎಂಬುದನ್ನು ಸಿನಾಮರಿ ಕಂಡಿತು. 2011ರಿಂದ ಅಲ್ಲಿನ ಉಡಾವಣಾ ಕಂಬದಿಂದ ರಷ್ಯದ ಸೊಯುಜ್ ರಾಕೆಟ್ ಹಾರುತ್ತಿತ್ತು. 2022ರ ಫೆಬ್ರವರಿಯಲ್ಲಿ ಉಕ್ರೇನ್ ಯುದ್ಧ ಶುರುವಾದ ಕೆಲವೇ ದಿನಗಳಲ್ಲಿ ರಷ್ಯ ತನ್ನವರನ್ನು ಕರೆಸಿಕೊಂಡಿತು. ಏರಿಯಾನ್-5 ಕೊನೆಯದಾಗಿ ಹಾರಿದ್ದು 2023ರ ಜುಲೈ 5ರಂದು, ಏರಿಯಾನ್-6 ಮೊದಲು ಹಾರಿದ್ದು 2024ರ ಜುಲೈ 9ರಂದು. ನಡುವಿನ ವರ್ಷವಿಡೀ ಏರಿಯಾನ್‌ನ ಒಂದು ಉಡಾವಣೆಯೂ ಇರಲಿಲ್ಲ.

ತಮಿಳುನಾಡಿನ ಕುಲಶೇಖರಪಟ್ಟಣದಲ್ಲಿ 2024ರ ಫೆಬ್ರವರಿಯಲ್ಲಿ ಶಂಕುಸ್ಥಾಪನೆಯಾದ ಕೇಂದ್ರಕ್ಕೂ ಇದೇ ಅಳತೆಗೋಲು ಹಿಡಿಯಬಹುದು. ಅಲ್ಲಿಂದ ಶ್ರೀಲಂಕಾವನ್ನು ಸುತ್ತಿಕೊಂಡು ಹೋಗದೆ ನೇರ ದಕ್ಷಿಣಕ್ಕೆ ಹಾರುವುದು ರಾಕೆಟ್‌ಗೆ ಲಾಭ. ಊರಿನ ಲಾಭ ತಿಳಿಯಬೇಕಾದರೆ ಯಾವ ಭಾಗ ಅಲ್ಲೇ ತಯಾರಾಗುತ್ತದೆ, ಯಾವುದು ಲಾರಿಯಲ್ಲಿ ಬಂದು ಹಾರಿಹೋಗುತ್ತದೆ, ಉಡಾವಣೆಗಾಗಿ ಕಡಲು ಮುಚ್ಚಿದ ದಿನ ಮೀನುಗಾರರ ಕೂಲಿ ಯಾರು ಕೊಡುತ್ತಾರೆ ಎಂದು ವಿಚಾರಿಸಿ.