ಸೀಟಿಗೂ ಮೊದಲು ಸಾಲದ ಲೆಕ್ಕ: ಅಮೆರಿಕದ ದೊಡ್ಡ ಕಾಲೇಜುಗಳು ಮತ್ತು ಕನ್ನಡದ ಮನೆಗಳು

ಅಮೆರಿಕದ ಹೆಸರುವಾಸಿ ಖಾಸಗಿ ಕಾಲೇಜಿನಲ್ಲಿ ಟ್ಯೂಷನ್ (ಬೋಧನಾ ಶುಲ್ಕ), ಹಾಸ್ಟೆಲ್, ಊಟ, ಪುಸ್ತಕ ಎಲ್ಲ ಸೇರಿ ಈಗ ವರ್ಷಕ್ಕೆ 90,000 ಡಾಲರ್ ಸುತ್ತಮುತ್ತ ಆಗುತ್ತದೆ. ನಾಲ್ಕು ವರ್ಷಕ್ಕೆ 3,60,000. ಈ ಅಂಕಿ ನೋಡಿ ಕೆಲವರು ಅರ್ಜಿಯನ್ನೇ ಹಾಕುವುದಿಲ್ಲ. ಇನ್ನು ಕೆಲವರು, ಮೊದಲು ಸೀಟು ಸಿಗಲಿ, ದುಡ್ಡಿನ ವಿಚಾರ ಆಮೇಲೆ ನೋಡೋಣ ಅನ್ನುತ್ತಾರೆ. ಎರಡೂ ತಪ್ಪೇ, ಆದರೆ ಎರಡನೆಯದು ಬಹಳ ದುಬಾರಿ. ಮಾರ್ಚ್ ಕೊನೆಗೆ ಫಲಿತಾಂಶ ಬರುತ್ತದೆ, ಮೇ 1ರೊಳಗೆ ಡಿಪಾಸಿಟ್ ಕಟ್ಟಬೇಕು. ಸೀಟು ಸಿಕ್ಕ ಖುಷಿಯಲ್ಲಿ ಮಗಳು ಎದುರಿಗೆ ನಿಂತಿರುವಾಗ ಸಾಲ ಬೇಡ ಎನ್ನುವ ಧೈರ್ಯ ಎಷ್ಟು ಜನ ಅಪ್ಪ ಅಮ್ಮಂದಿರಿಗೆ ಇರುತ್ತದೆ? ಎಷ್ಟು ಸಾಲ, ಯಾರ ಹೆಸರಿನಲ್ಲಿ ಎಂಬುದು ಕಾಲೇಜುಗಳ ಪಟ್ಟಿ ಮಾಡುವ ದಿನವೇ ತೀರ್ಮಾನವಾಗಬೇಕು.

ಮೊದಲು ತಿಳಿಯಬೇಕಾದದ್ದು: ಆ 90,000 ಎಲ್ಲರಿಗೂ ಅನ್ವಯಿಸುವ ಬೆಲೆಯಲ್ಲ. ಹಾರ್ವರ್ಡ್ 2025-26ರಿಂದ, ಸಾಮಾನ್ಯ ಮಟ್ಟದ ಆಸ್ತಿಯುಳ್ಳ ಕುಟುಂಬದ ವರಮಾನ 2,00,000 ಡಾಲರ್ ಒಳಗಿದ್ದರೆ ಟ್ಯೂಷನ್ ತೆಗೆದುಕೊಳ್ಳುವುದಿಲ್ಲ; 1,00,000ದ ಒಳಗಿದ್ದರೆ ಊಟ ವಸತಿಯ ಖರ್ಚೂ ಇಲ್ಲ. ಎಂಐಟಿಯಲ್ಲೂ ಹೆಚ್ಚುಕಡಿಮೆ ಇದೇ ವ್ಯವಸ್ಥೆ. ಪ್ರಿನ್ಸ್‌ಟನ್ 2001ರಲ್ಲೇ ತನ್ನ ನೆರವಿನಿಂದ ಸಾಲವನ್ನು ತೆಗೆದುಹಾಕಿತು. ಆದರೆ ಹಾರ್ವರ್ಡ್, ಯೇಲ್‌ನಂಥ ಹಳೆಯ ಖಾಸಗಿ ವಿಶ್ವವಿದ್ಯಾಲಯಗಳ ಕೂಟವಾದ ಐವಿ ಲೀಗಿನ ಎಂಟೂ ವಿಶ್ವವಿದ್ಯಾಲಯಗಳು ಕೊಡುವುದು ಕುಟುಂಬದ ಅಗತ್ಯ ನೋಡಿ ಮಾತ್ರ. ಅಂಕಕ್ಕೆ, ಪ್ರತಿಭೆಗೆ ಎಂದು ಅಲ್ಲಿ ವಿದ್ಯಾರ್ಥಿವೇತನವೇ ಇಲ್ಲ. ಹಾಗಾಗಿ ಇಬ್ಬರೂ ಸಾಫ್ಟ್‌ವೇರ್ ಕೆಲಸದಲ್ಲಿದ್ದು, ಒಟ್ಟು ಮೂರು ಲಕ್ಷ ಡಾಲರ್ ದುಡಿದು, ಅಡಮಾನದ ಕಂತು ಕಟ್ಟುತ್ತಾ ಊರಿನ ಅಪ್ಪ ಅಮ್ಮನನ್ನೂ ನೋಡಿಕೊಳ್ಳುವ ಮನೆಗೆ ಪೂರ್ತಿ ಬೆಲೆಯೋ ಅದರ ಹತ್ತಿರದ್ದೋ ಬೀಳುತ್ತದೆ. ಸಾಲದ ಪ್ರಶ್ನೆ ಗಟ್ಟಿಯಾಗಿ ಏಳುವುದೂ ಇಂಥ ಮನೆಗಳಲ್ಲೇ.

ಫೆಡರಲ್ (ಅಮೆರಿಕದ ಕೇಂದ್ರ ಸರ್ಕಾರದ) ನೆರವು ಕೊಡುವ ಪ್ರತಿ ಕಾಲೇಜಿನ ಜಾಲತಾಣದಲ್ಲೂ, ನೆರವು ಕಳೆದು ನಿಮಗೆ ಎಷ್ಟು ಬೀಳುತ್ತದೆಂದು ಅಂದಾಜು ತೋರಿಸುವ ನೆಟ್ ಪ್ರೈಸ್ ಕ್ಯಾಲ್ಕ್ಯುಲೇಟರ್ ಇರಲೇಬೇಕೆಂಬುದು ಕಾನೂನು. ಮಗು ಹನ್ನೊಂದನೇ ಗ್ರೇಡ್ ಮುಗಿಸುವ ಹೊತ್ತಿಗೆ, ಪಟ್ಟಿಯಲ್ಲಿರುವ ಒಂದೊಂದು ಕಾಲೇಜಿಗೂ ಅದನ್ನು ಪ್ರತ್ಯೇಕವಾಗಿ ತುಂಬಿಸಿ. ಟ್ಯಾಕ್ಸ್ ರಿಟರ್ನ್, ಕಂಪನಿ ಕೊಡುವ ವಾರ್ಷಿಕ ಸಂಬಳದ ದಾಖಲೆ ಡಬ್ಲ್ಯು-2, ಬ್ಯಾಂಕ್ ಮತ್ತು ಹೂಡಿಕೆಯ ಸ್ಟೇಟ್‌ಮೆಂಟ್ ಮುಂದಿಟ್ಟುಕೊಂಡರೆ ಅರ್ಧ ಗಂಟೆಯ ಕೆಲಸ. ಅಂದಾಜಿನ ಅಂಕಿ ಹಾಕಿದರೆ ಉತ್ತರವೂ ಅಂದಾಜೇ ಆಗುತ್ತದೆ.

ನಮ್ಮವರ ಲೆಕ್ಕ ಎಡವುವುದು ಆಸ್ತಿಯ ಕಾಲಮ್ಮಿನಲ್ಲಿ. ಫೆಡರಲ್ ನೆರವಿನ ಅರ್ಜಿಯಾದ ಫ್ಯಾಫ್ಸಾದಲ್ಲಿ ನೀವು ವಾಸವಿರುವ ಮನೆ ಲೆಕ್ಕಕ್ಕಿಲ್ಲ, ನಿವೃತ್ತಿಗೆಂದು ಉಳಿಸುವ 401(ಕೆ) ಖಾತೆಯ ಮೊತ್ತವೂ ಇಲ್ಲ. ಮೈಸೂರಿನಲ್ಲಿ ಕೊಂಡಿಟ್ಟ ಸೈಟು, ಬೆಂಗಳೂರಿನಲ್ಲಿ ಬಾಡಿಗೆಗೆ ಕೊಟ್ಟ ಫ್ಲ್ಯಾಟು, ಎನ್‌ಆರ್‌ಇ ಖಾತೆ, ಎಫ್‌ಡಿ ಇವೆಲ್ಲ ಬರುತ್ತವೆ. ಅರ್ಜಿ ಸಹಿ ಮಾಡುವ ದಿನದ ಬೆಲೆಯಿಂದ ಅದರ ಮೇಲಿನ ಸಾಲ ಕಳೆದು, ಉಳಿದದ್ದನ್ನು ಡಾಲರಿಗೆ ತಿರುಗಿಸಿ ಬರೆಯಬೇಕು. ಅಣ್ಣತಮ್ಮಂದಿರ ಜಂಟಿ ಆಸ್ತಿಯಾದರೆ ನಿಮ್ಮ ಪಾಲು ಮಾತ್ರ. ಭಾರತದ್ದು ಇಲ್ಲಿ ಯಾರಿಗೆ ಗೊತ್ತಾಗುತ್ತದೆ ಎಂದು ಬಿಟ್ಟುಬಿಡುವವರಿದ್ದಾರೆ. ವಿದೇಶಿ ಖಾತೆಗಳ ಮೊತ್ತ 10,000 ಡಾಲರ್ ದಾಟಿದರೆ ಪ್ರತಿವರ್ಷ ಆ ಖಾತೆಗಳ ವಿವರವನ್ನು ಅಮೆರಿಕದ ಸರ್ಕಾರಕ್ಕೆ ಕೊಡುವ ಎಫ್‌ಬಾರ್ ಸಲ್ಲಿಸುವವರೂ ಇವರೇ. ಒಂದು ದಾಖಲೆಯಲ್ಲಿ ಇರುವುದು ಇನ್ನೊಂದರಲ್ಲಿ ಮಾಯವಾದರೆ ಅದು ಸುಳ್ಳು ಹೇಳಿಕೆ, ದಂಡ ಮತ್ತು ಜೈಲಿನವರೆಗೂ ಹೋಗಬಹುದಾದ ವಿಷಯ.

ಯಾರ ಹೆಸರಿನಲ್ಲಿ ಇಟ್ಟಿದ್ದೀರಿ ಎಂಬುದೂ ಮುಖ್ಯ. ಹೆತ್ತವರ ಆಸ್ತಿಯಲ್ಲಿ ಹೆಚ್ಚೆಂದರೆ ಶೇ 5.64ರಷ್ಟನ್ನು ಓದಿಗೆ ಕೊಡಬಲ್ಲಿರಿ ಎಂದು ಸೂತ್ರ ಎಣಿಸುತ್ತದೆ. ಮಗುವಿನ ಹೆಸರಿನ ಹಣದಲ್ಲಿ ಶೇ 20. ಅಜ್ಜ ಅಜ್ಜಿ ಪ್ರೀತಿಯಿಂದ ಮೊಮ್ಮಗನ ಹೆಸರಿಗೆ ಹಾಕಿದ 30,000 ಡಾಲರ್ ಇದ್ದರೆ ಅದು ವರ್ಷಕ್ಕೆ 6,000 ಎಂದು ಲೆಕ್ಕವಾಗುತ್ತದೆ. ಅದೇ ಮೊತ್ತ ಹೆತ್ತವರ ಹೆಸರಿನ 529 ಖಾತೆಯಲ್ಲಿ (ಓದಿಗೆಂದೇ ಇರುವ ಉಳಿತಾಯ ಖಾತೆ) ಇದ್ದಿದ್ದರೆ ಹೆಚ್ಚೆಂದರೆ 1,692. ಹೆಸರುವಾಸಿ ಖಾಸಗಿ ಕಾಲೇಜುಗಳಲ್ಲಿ ಹೆಚ್ಚಿನವು ಫ್ಯಾಫ್ಸಾ ಜೊತೆಗೆ, ಹಣಕಾಸನ್ನು ಇನ್ನೂ ವಿವರವಾಗಿ ಕೇಳುವ ಅರ್ಜಿಯಾದ ಸಿಎಸ್‌ಎಸ್ ಪ್ರೊಫೈಲನ್ನೂ ಕೇಳುತ್ತವೆ. ಅಲ್ಲಿ ವಾಸದ ಮನೆಯ ಬೆಲೆಯನ್ನು ಕೆಲವರು ಎಣಿಸುತ್ತಾರೆ, ಕೆಲವರು ಮಿತಿ ಹಾಕುತ್ತಾರೆ, ಹಾರ್ವರ್ಡ್ ಮತ್ತು ಪ್ರಿನ್ಸ್‌ಟನ್ ಬಿಟ್ಟುಬಿಡುತ್ತವೆ. ಊರಿಗೆ ಕಳಿಸುವ ಹಣಕ್ಕೆ ಫ್ಯಾಫ್ಸಾದಲ್ಲಿ ಜಾಗವಿಲ್ಲ. ಸಿಎಸ್‌ಎಸ್‌ನಲ್ಲಿ ವಿಶೇಷ ಸಂದರ್ಭಗಳ ಭಾಗವಿದೆ: ಅಪ್ಪನ ಡಯಾಲಿಸಿಸ್ ಬಿಲ್ಲು, ತಿಂಗಳು ತಿಂಗಳೂ ಕಳಿಸಿದ ಹಣದ ರಸೀದಿಗಳ ಸಮೇತ ಅಲ್ಲಿ ಬರೆಯಿರಿ.

ವರಮಾನ ನೋಡುವುದು ಎರಡು ವರ್ಷ ಹಿಂದಿನದು. 2027ರ ಫಾಲ್‌ನಲ್ಲಿ ಸೇರುವ ಮಗುವಿಗೆ 2025ರ ರಿಟರ್ನ್. ಆ ವರ್ಷ ಕಂಪನಿ ಷೇರು ಮಾರಿದ್ದರೆ, ಭಾರತದ ಫ್ಲ್ಯಾಟು ಮಾರಿ ಲಾಭ ತೋರಿಸಿದ್ದರೆ ಅದು ಪೂರ್ತಿ ವರಮಾನವಾಗಿ ಬರುತ್ತದೆ. ಮಗು ಒಂಬತ್ತನೇ ಗ್ರೇಡಿನಲ್ಲಿದ್ದಾಗಲೇ ಇದು ತಿಳಿದಿರಬೇಕು. ಇನ್ನೊಂದು ಬದಲಾವಣೆ: ಒಂದೇ ಸಲಕ್ಕೆ ಇಬ್ಬರು ಮಕ್ಕಳು ಕಾಲೇಜಿನಲ್ಲಿದ್ದರೆ ಮೊದಲು ಫ್ಯಾಫ್ಸಾ ಲೆಕ್ಕದಲ್ಲಿ ಸಿಗುತ್ತಿದ್ದ ರಿಯಾಯಿತಿ 2024-25ರಿಂದ ಇಲ್ಲ.

ವೀಸಾದ ವಿಷಯ ಇದಕ್ಕಿಂತ ಕಠಿಣ. ಕೆಲಸದ ವೀಸಾವಾದ ಎಚ್-1ಬಿಯಲ್ಲಿರುವ ಮನೆಯೊಂದನ್ನು ತೆಗೆದುಕೊಳ್ಳಿ. ದೊಡ್ಡ ಮಗಳು ಹುಬ್ಬಳ್ಳಿಯಲ್ಲಿ ಹುಟ್ಟಿದವಳು, ಅವಲಂಬಿತರ ವೀಸಾವಾದ ಎಚ್-4ನಲ್ಲಿದ್ದಾಳೆ. ಚಿಕ್ಕವನು ನ್ಯೂ ಜೆರ್ಸಿಯಲ್ಲಿ ಹುಟ್ಟಿದವನು, ಅಮೆರಿಕದ ಪೌರ. ಅಪ್ಪ ಅಮ್ಮ, ವರಮಾನ, ಶಾಲೆ ಎಲ್ಲ ಒಂದೇ. ಚಿಕ್ಕವನಿಗೆ ಫೆಡರಲ್ ಸಾಲವೂ ನೆರವೂ ಸಿಗುತ್ತದೆ. ಹೆತ್ತವರ ವೀಸಾ ಅದಕ್ಕೆ ಅಡ್ಡಿಯಲ್ಲ. ದೊಡ್ಡವಳಿಗೆ ಒಂದು ಡಾಲರ್ ಫೆಡರಲ್ ಸಾಲವೂ ಇಲ್ಲ, ಮತ್ತು ನೆರವಿನ ಮಟ್ಟಿಗೆ ಬಹುತೇಕ ಖಾಸಗಿ ಕಾಲೇಜುಗಳು ಅವಳನ್ನು ವಿದೇಶಿ ವಿದ್ಯಾರ್ಥಿನಿ ಎಂದೇ ನೋಡುತ್ತವೆ. ಸ್ಟ್ಯಾನ್‌ಫರ್ಡ್, ಕೊಲಂಬಿಯಾ, ಕಾರ್ನೆಲ್, ಪೆನ್‌ಗಳಲ್ಲಿ ವಿದೇಶಿ ಅರ್ಜಿದಾರರು ನೆರವು ಕೇಳಿದರೆ ಅದು ಪ್ರವೇಶದ ತೀರ್ಮಾನಕ್ಕೂ ತಟ್ಟುತ್ತದೆ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಡಾರ್ಟ್‌ಮತ್, ಬ್ರೌನ್, ಆಮ್‌ಹರ್ಸ್ಟ್, ಬೋಡನ್‌ನಂಥವು ವಿದೇಶಿಯರ ವಿಷಯದಲ್ಲೂ ಹಣಕಾಸು ನೋಡದೆ ಆರಿಸುತ್ತವೆ. ಕರ್ನಾಟಕದಿಂದಲೇ ಅರ್ಜಿ ಹಾಕುವ ಮಕ್ಕಳು ನೆರವು ಬೇಕಿದ್ದರೆ ಮೊದಲು ನೋಡಬೇಕಾದದ್ದೂ ಈ ಪಟ್ಟಿಯನ್ನೇ. ವರ್ಷಕ್ಕೆ ಎಂಬತ್ತು ಲಕ್ಷ ರೂಪಾಯಿಯ ಹತ್ತಿರ ಬೀಳುವ ಓದಿಗೆ, ರೂಪಾಯಿ ಸಂಬಳದ ಮನೆಯೊಂದು ಇದ್ದ ಮನೆಯನ್ನು ಬ್ಯಾಂಕಿಗೆ ಅಡವಿಟ್ಟು ಪದವಿ ಕೊಡಿಸುವುದು ನನ್ನ ಮಟ್ಟಿಗೆ ಯಾವ ಕಾಲೇಜಿಗೂ ತಕ್ಕದ್ದಲ್ಲ.

ದೊಡ್ಡ ಮಗಳಿಗೆ 21 ತುಂಬಿದಾಗ ಎಚ್-4 ಮುಗಿಯುತ್ತದೆ. ಹೆಚ್ಚಾಗಿ ಅದು ಮೂರನೆಯ ವರ್ಷದ ಮಧ್ಯೆ. ವಿದ್ಯಾರ್ಥಿ ವೀಸಾವಾದ ಎಫ್-1ಗೆ ಬದಲಾದ ಮೇಲೆ ಹಲವು ರಾಜ್ಯಗಳಲ್ಲಿ ಸರ್ಕಾರಿ ವಿಶ್ವವಿದ್ಯಾಲಯದ ಸ್ಥಳೀಯ ಶುಲ್ಕದ (ಆ ರಾಜ್ಯದವರಿಗಿರುವ ಕಡಿಮೆ ಶುಲ್ಕದ) ಹಕ್ಕು ಹೋಗಬಹುದು. ಸೇರುವ ಮೊದಲೇ ರಿಜಿಸ್ಟ್ರಾರ್ ಕಚೇರಿಗೆ ಬರೆದು, ಸ್ಥಿತಿ ಬದಲಾದರೆ ಶುಲ್ಕ ಏನಾಗುತ್ತದೆ ಎಂದು ಲಿಖಿತ ಉತ್ತರ ಪಡೆಯಿರಿ.

ಇಷ್ಟು ಕಷ್ಟಪಟ್ಟರೆ ಹೆಸರಿನಿಂದ ಸಿಗುವುದೇನು? ಸಂಶೋಧಕರಾದ ಸ್ಟೇಸಿ ಡೇಲ್ ಮತ್ತು ಆಲನ್ ಕ್ರೂಗರ್ 2002ರಲ್ಲಿ ಪ್ರಕಟಿಸಿದ ಅಧ್ಯಯನ ಒಂದೇ ಬಗೆಯ ಕಾಲೇಜುಗಳಿಗೆ ಅರ್ಜಿ ಹಾಕಿ ಸೀಟು ಪಡೆದವರನ್ನು ಹೋಲಿಸಿತು. ದೊಡ್ಡ ಕಾಲೇಜಿಗೆ ಹೋದವರ ಮತ್ತು ಬಿಟ್ಟು ಬೇರೆಡೆ ಓದಿದವರ ಗಳಿಕೆಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಸಿಗಲಿಲ್ಲ. ಲಾಭ ಕಂಡದ್ದು ಬಡ ಕುಟುಂಬದ ಮಕ್ಕಳಲ್ಲಿ, ಅವರು ನಂತರ ಮಾಡಿದ ಅಧ್ಯಯನದಲ್ಲಿ ಹೆಚ್ಚು ಓದದ ಹೆತ್ತವರ ಮಕ್ಕಳಲ್ಲಿ. 2023ರಲ್ಲಿ ಅರ್ಥಶಾಸ್ತ್ರಜ್ಞರಾದ ರಾಜ್ ಚೆಟ್ಟಿ, ಡೇವಿಡ್ ಡೆಮಿಂಗ್, ಜಾನ್ ಫ್ರೀಡ್‌ಮನ್ ಹೊರತಂದ ಅಧ್ಯಯನ ಎಂಟು ಐವಿಗಳ ಜೊತೆ ಸ್ಟ್ಯಾನ್‌ಫರ್ಡ್, ಎಂಐಟಿ, ಡ್ಯೂಕ್, ಶಿಕಾಗೋ ಸೇರಿಸಿ ನೋಡಿತು. ರಾಜ್ಯದ ಪ್ರಮುಖ ಸರ್ಕಾರಿ ವಿಶ್ವವಿದ್ಯಾಲಯಕ್ಕೆ ಹೋಲಿಸಿದರೆ, ದೇಶದ ಅತಿ ಹೆಚ್ಚು ಗಳಿಸುವ ಶೇ 1ರ ಗುಂಪು ಸೇರುವ ಸಾಧ್ಯತೆ ಅರ್ಧದಷ್ಟು ಹೆಚ್ಚುತ್ತದೆ, ದೊಡ್ಡ ಗ್ರಾಜುಯೇಟ್ ಶಾಲೆ ಸೇರುವ ಸಾಧ್ಯತೆ ಹೆಚ್ಚುಕಡಿಮೆ ದುಪ್ಪಟ್ಟಾಗುತ್ತದೆ; ಸರಾಸರಿ ಗಳಿಕೆ ಮಾತ್ರ ಅಷ್ಟಾಗಿ ಬದಲಾಗುವುದಿಲ್ಲ. ವಾಲ್ ಸ್ಟ್ರೀಟ್, ದೊಡ್ಡ ಕನ್ಸಲ್ಟಿಂಗ್ ಕಂಪನಿ, ಸುಪ್ರೀಂ ಕೋರ್ಟಿನ ಕ್ಲರ್ಕ್ (ನ್ಯಾಯಮೂರ್ತಿಗಳ ಕಾನೂನು ಸಹಾಯಕ) ಹುದ್ದೆಯಂಥ ಕಿರಿದಾದ ಬಾಗಿಲುಗಳಿಗೆ ಹೆಸರು ಬೇಕು. ಕಂಪ್ಯೂಟರ್ ಸೈನ್ಸ್ ಓದಿ ಎಂಜಿನಿಯರ್ ಆಗುವವರಿಗೆ ಸರ್ಕಾರಿ ವಿಶ್ವವಿದ್ಯಾಲಯಗಳಾದ ಇಲಿನಾಯ್, ಜಾರ್ಜಿಯಾ ಟೆಕ್, ಟೆಕ್ಸಸ್ ಆಸ್ಟಿನ್ ಯಾವುದಕ್ಕೂ ಕಡಿಮೆಯಿಲ್ಲ. ಓದಿದ ಅಪ್ಪ ಅಮ್ಮ, ಒಳ್ಳೆಯ ಹೈಸ್ಕೂಲು ಇರುವ ಮಗುವಿಗೆ ಹೆಸರು ಕೂಡಿಸುವುದು ಕಡಿಮೆ, ಬೆಲೆ ಮಾತ್ರ ಪೂರ್ತಿ.

ಈಗ ಸಾಲ. ಹೆತ್ತವರನ್ನು ಅವಲಂಬಿಸಿದ ವಿದ್ಯಾರ್ಥಿ ತನ್ನ ಹೆಸರಿನಲ್ಲಿ ಪಡೆಯಬಹುದಾದ ಫೆಡರಲ್ ಸಾಲ ಮೊದಲ ವರ್ಷ 5,500, ಎರಡನೆಯದು 6,500, ಮುಂದೆ 7,500ರಂತೆ, ನಾಲ್ಕು ವರ್ಷಕ್ಕೆ 27,000 ಡಾಲರ್. 2025-26ರ ಬಡ್ಡಿ ಶೇ 6.39. ಅದೇ ದರ ಹಿಡಿದರೆ ಹತ್ತು ವರ್ಷದ ಕಂತು ತಿಂಗಳಿಗೆ 305 ಡಾಲರ್. ಹದಿನೈದು ವರ್ಷಕ್ಕೆ ಎಳೆದರೆ ಕಂತು 234ಕ್ಕೆ ಇಳಿಯುತ್ತದೆ, ಒಟ್ಟು ಕಟ್ಟುವುದು ಸುಮಾರು 5,400 ಹೆಚ್ಚುತ್ತದೆ. ಇದು ಸಹಿಸಬಹುದಾದ ಸಾಲ. ಮಗುವಿನ ಹೆಸರಿನ ಸಾಲ ಇಷ್ಟಕ್ಕೇ ನಿಲ್ಲಲಿ ಎಂಬುದು ನನ್ನ ಖಚಿತ ಸಲಹೆ.

ಇದರಾಚೆಗಿನದು ಬೇರೆಯೇ ಲೋಕ. ವರ್ಷಕ್ಕೆ 30,000ದಂತೆ ಶೇ 9ರ ಖಾಸಗಿ ಸಾಲ ತೆಗೆದು, ಓದುವಾಗ ಬಡ್ಡಿ ಕಟ್ಟದೆ ಬಿಟ್ಟರೆ, ಪದವಿ ಮುಗಿದ ಆರು ತಿಂಗಳಿಗೆ 1,20,000ದ ಅಸಲು ಒಂದೂವರೆ ಲಕ್ಷದ ಹತ್ತಿರ ಬಂದಿರುತ್ತದೆ. ಹತ್ತು ವರ್ಷದ ಕಂತು ತಿಂಗಳಿಗೆ ಸುಮಾರು 1,900 ಡಾಲರ್. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗನಿಗೆ ಅದು ಇನ್ನೊಂದು ಮನೆ ಬಾಡಿಗೆ. ಇಂಥ ಸಾಲ ಅಪ್ಪನೋ ಅಮ್ಮನೋ ಜಾಮೀನು ಸಹಿ ಹಾಕದೆ ಸಿಗುವುದೇ ಅಪರೂಪ. ಕಂತು ತಪ್ಪಿದರೆ ನಿಮ್ಮ ಕ್ರೆಡಿಟ್ ಸ್ಕೋರ್ ಕೂಡ ಕುಸಿಯುತ್ತದೆ. ದಿವಾಳಿ ಅರ್ಜಿ ಹಾಕಿದರೂ, ವಿಪರೀತ ಸಂಕಷ್ಟವನ್ನು ಕೋರ್ಟಿನಲ್ಲಿ ಪ್ರತ್ಯೇಕವಾಗಿ ಸಾಬೀತು ಮಾಡದ ಹೊರತು ಶಿಕ್ಷಣ ಸಾಲ ಬಿಡುವುದಿಲ್ಲ. ಹೆತ್ತವರಿಗೆಂದೇ ಇರುವ ಪೇರೆಂಟ್ ಪ್ಲಸ್ ಸಾಲಕ್ಕೆ 2025-26ರಲ್ಲಿ ಬಡ್ಡಿ ಶೇ 8.94, ಜೊತೆಗೆ ಶೇ 4ಕ್ಕೂ ಹೆಚ್ಚು ಶುಲ್ಕ ಮೊದಲೇ ಮುರಿದುಕೊಳ್ಳುತ್ತಾರೆ. 2026ರ ಜುಲೈ 1ರಿಂದ ಹೊಸಬರಿಗೆ ಇದು ವರ್ಷಕ್ಕೆ 20,000, ಒಂದು ಮಗುವಿಗೆ ಒಟ್ಟು 65,000 ಮೀರುವಂತಿಲ್ಲ. ಹಳೆಯ ಲೆಕ್ಕ ನಂಬಿ ಪಟ್ಟಿ ಮಾಡಿದವರು ಖಾಸಗಿ ಸಾಲದ ಕಡೆಗೆ ಜಾರುವುದು ಇಲ್ಲೇ.

ಮುಂದೆ ಮೆಡಿಕಲ್ ಎನ್ನುವ ಮಕ್ಕಳಿದ್ದರೆ ಇನ್ನೂ ಎಚ್ಚರ ಬೇಕು. ಅದೇ ದಿನಾಂಕದಿಂದ ಹೊಸಬರಿಗೆ, ಪದವಿಯ ನಂತರದ ಓದಿಗೆ ಸಿಗುತ್ತಿದ್ದ ಫೆಡರಲ್ ಸಾಲವಾದ ಗ್ರಾಡ್ ಪ್ಲಸ್ ಇಲ್ಲ. ವೈದ್ಯಕೀಯ, ಕಾನೂನಿನಂಥ ಕೋರ್ಸುಗಳಿಗೆ ಫೆಡರಲ್ ಸಾಲದ ಮಿತಿ ವರ್ಷಕ್ಕೆ 50,000, ಒಟ್ಟು 2,00,000. ಹಲವು ಮೆಡಿಕಲ್ ಶಾಲೆಗಳ ಖರ್ಚು ಇದನ್ನು ದಾಟುತ್ತದೆ. ಪದವಿಯಲ್ಲಿ ಉಳಿಸಿದ ಹಣವೇ ಅಲ್ಲಿ ಕೈಹಿಡಿಯುವುದು.

ಅರ್ಲಿ ಡಿಸಿಷನ್ ಬಗ್ಗೆ ಒಂದು ಮಾತು. ಸಾಮಾನ್ಯವಾಗಿ ನವೆಂಬರ್‌ನಲ್ಲೇ ಹಾಕುವ ಈ ಅರ್ಜಿಗೆ ವಿದ್ಯಾರ್ಥಿ, ಹೆತ್ತವರು, ಶಾಲೆಯ ಕೌನ್ಸೆಲರ್ ಮೂವರೂ ಸಹಿ ಹಾಕುತ್ತಾರೆ. ಸೀಟು ಸಿಕ್ಕರೆ ಉಳಿದ ಅರ್ಜಿಗಳನ್ನು ಹಿಂತೆಗೆಯಬೇಕು. ನೆರವು ಸಾಲದು ಎಂಬ ಕಾರಣಕ್ಕೆ ಬಿಡಿಸಿಕೊಳ್ಳಬಹುದು, ಆದರೆ ಇನ್ನೊಂದು ಕಾಲೇಜಿನ ಪತ್ರ ಪಕ್ಕದಲ್ಲಿಟ್ಟು ಹೋಲಿಸುವ ಅವಕಾಶ ಕೈಬಿಟ್ಟುಹೋಗುತ್ತದೆ. ಕ್ಯಾಲ್ಕ್ಯುಲೇಟರಿನ ಮೊತ್ತವನ್ನು ಸಾಲವಿಲ್ಲದೆ ಕಟ್ಟಬಲ್ಲಿರಾದರೆ ಮಾತ್ರ ಈ ದಾರಿ.

ನೆರವಿನ ಪತ್ರ ಬಂದಾಗ ಕೊನೆಯ ಸಾಲಿನ ಮೊತ್ತ ನಂಬಬೇಡಿ. ಕೆಲವು ಪತ್ರಗಳು ಅನುದಾನ, ಸಾಲ, ವರ್ಕ್-ಸ್ಟಡಿ ಮೂರನ್ನೂ ಕೂಡಿಸಿ ನೆರವು ಎಂದು ತೋರಿಸುತ್ತವೆ. ಒಟ್ಟು ಖರ್ಚಿನಿಂದ ಅನುದಾನವನ್ನಷ್ಟೇ ಕಳೆಯಿರಿ. ವರ್ಕ್-ಸ್ಟಡಿ ಹಣ ದುಡಿದ ಮೇಲೆ ಸಂಬಳವಾಗಿ ಬರುವಂಥದ್ದು, ಆಗಸ್ಟಿನ ಬಿಲ್ಲಿಗೆ ಅದು ಸಿಗುವುದಿಲ್ಲ. ಮೊತ್ತ ಕಡಿಮೆಯೆನಿಸಿದರೆ ಮರುಪರಿಶೀಲನೆಗೆ ಕೇಳಬಹುದು, ಸಂಕೋಚ ಬೇಡ. ನೆರವಿನ ಕಚೇರಿಗೆ ಒಂದು ಪುಟದ ಪತ್ರ ಬರೆಯಿರಿ: ಕೆಲಸ ಹೋದ ಪತ್ರ, ಆಸ್ಪತ್ರೆಯ ಬಿಲ್ಲು, ಒಂದೇ ಸಲಕ್ಕೆ ಬಂದ ಷೇರು ಲಾಭದ ದಾಖಲೆ, ಸಮಾನ ಮಟ್ಟದ ಬೇರೆ ಕಾಲೇಜು ಹೆಚ್ಚು ಕೊಟ್ಟಿದ್ದರೆ ಅದರ ಪತ್ರ, ನಿಮಗೆ ಎಷ್ಟು ಕಟ್ಟಲು ಸಾಧ್ಯ ಎಂಬ ನಿಖರ ಅಂಕಿ. ಉತ್ತರ ಬರಲು ವಾರಗಳೇ ಹಿಡಿಯಬಹುದಾದ್ದರಿಂದ ಏಪ್ರಿಲ್ ಮೊದಲ ವಾರದಲ್ಲೇ ಕಳಿಸಿ, ಮೇ 1ರ ಗಡುವನ್ನು ಅಲ್ಲಿಯವರೆಗೆ ಮುಂದೂಡಿ ಎಂದು ಅದೇ ಪತ್ರದಲ್ಲಿ ಕೇಳಿ.